ಸಿಂಫನಿಯ ತಟ್ಟೆ, ಮಾದಪ್ಪನ ಸಾಲು

ದೀರ್ಘ ಸಂಗೀತಕೃತಿಯೊಂದನ್ನು ಯಂತ್ರದಲ್ಲಿ ಹಿಡಿದಿಟ್ಟುಕೊಂಡು, ಅದೇ ಕೃತಿಯನ್ನು ಬೇರೆ ಬೇರೆ ಕಲಾವಿದರು ಹೇಗೆ ನಿರ್ವಹಿಸಿದ್ದಾರೆಂದು ಹೋಲಿಸಿ ಕೇಳುವ ಅಭ್ಯಾಸಕ್ಕೆ ಹಳೆಯ ಮೈಸೂರು ಸೀಮೆಯಲ್ಲಿ ಎರಡು ಚರಿತ್ರೆಗಳಿವೆ. ಒಂದು ಮೈಸೂರು ಅರಮನೆಯಲ್ಲಿ, ಐರೋಪ್ಯ ಸಿಂಫನಿಗಳ ಗ್ರಾಮಫೋನ್ ತಟ್ಟೆಗಳ ಸುತ್ತ ಬೆಳೆಯಿತು. ಇನ್ನೊಂದು ಅರಮನೆಯಿಂದ ಒಂದು ದಿನದ ಪಯಣದೊಳಗಿರುವ ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ, ಮಲೆ ಮಹದೇಶ್ವರ ಮತ್ತು ಮಂಟೇಸ್ವಾಮಿ ಕಾವ್ಯಗಳ ಸುತ್ತ ಬೆಳೆಯಿತು. ಇವೆರಡಕ್ಕೂ ನೇರ ಸಂಬಂಧವಿಲ್ಲ. ಆದರೂ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಧ್ವನಿಯನ್ನು ಹೊರುವ ತಟ್ಟೆ ಅಥವಾ ಸುರುಳಿಯ ಅಳತೆಯು ಅದರೊಳಗಿನ ಕೃತಿಯ ಅಳತೆಯನ್ನೂ, ಅದನ್ನು ಕೇಳುವವರ ಅಭಿರುಚಿಯನ್ನೂ ಎಷ್ಟು ಆಳವಾಗಿ ತಿದ್ದಿತೆಂಬುದು ಸ್ಪಷ್ಟವಾಗುತ್ತದೆ.

ಈ ಮೂರು ತಾಲ್ಲೂಕುಗಳು ಇಂದು ಚಾಮರಾಜನಗರ ಜಿಲ್ಲೆಗೆ ಸೇರಿದ್ದರೂ ಅವುಗಳ ಹಿಂದಿನ ರಾಜಕೀಯ ಒಂದೇ ಆಗಿರಲಿಲ್ಲ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತು ಮೈಸೂರು ಸಂಸ್ಥಾನದೊಳಗೇ ಉಳಿಯಿತು. ಹನೂರನ್ನು ಒಳಗೊಂಡಿದ್ದ ಅಂದಿನ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ಆಡಳಿತದ ಗಡಿ ಹೀಗಿದ್ದರೂ ಹಾಡಿನ ಗಡಿ ಬೇರೆಯೇ ಆಗಿತ್ತು. ಮಾದಪ್ಪನೆಂದು ಜನ ಕರೆಯುವ ಮಲೆ ಮಹದೇಶ್ವರನ ಒಕ್ಕಲು ಗಡಿಯ ಎರಡೂ ಕಡೆ ಹರಡಿತ್ತು.

ಸಿಂಫನಿಯೆಂದರೆ ದೊಡ್ಡ ವಾದ್ಯವೃಂದಕ್ಕಾಗಿ ಸ್ವರಲಿಪಿಯಲ್ಲಿ ಪೂರ್ತಿಯಾಗಿ ಬರೆದಿಟ್ಟ, ಸಾಮಾನ್ಯವಾಗಿ ನಾಲ್ಕು ಭಾಗಗಳ, ಅರ್ಧ ಗಂಟೆಯಿಂದ ಒಂದು ಗಂಟೆಗೂ ಮೀರಿ ನಡೆಯುವ ಕೃತಿ. ಸ್ವರಗಳೆಲ್ಲ ಬರೆದೇ ಇರುವುದರಿಂದ ಒಬ್ಬ ನಿರ್ದೇಶಕನಿಗೂ ಇನ್ನೊಬ್ಬನಿಗೂ ಏನು ವ್ಯತ್ಯಾಸವಿದ್ದೀತು ಎಂದು ಹೊಸ ಕೇಳುಗರಿಗೆ ತೋರುವುದು ಸಹಜ. ವಾಸ್ತವದಲ್ಲಿ ಕಾಲಪ್ರಮಾಣ, ಒತ್ತು, ವಾದ್ಯಗಳ ನಡುವಣ ತೂಕ, ಒಂದು ಸ್ವರದ ಮೇಲೆ ಎಷ್ಟು ಹೊತ್ತು ನಿಲ್ಲಬೇಕೆಂಬ ತೀರ್ಮಾನ, ಇವೆಲ್ಲ ನಿರ್ದೇಶಕನ ಕೈಯಲ್ಲೇ ಇವೆ. ಬೀಥೋವನ್‌ನ ಐದನೆಯ ಸಿಂಫನಿಯ ಮೊದಲ ನಾಲ್ಕು ಸ್ವರಗಳಲ್ಲಿ ಕೊನೆಯದನ್ನು ಎಷ್ಟು ಎಳೆದು ಹಿಡಿಯಬೇಕೆಂಬ ಒಂದೇ ಪ್ರಶ್ನೆಗೆ ದೊಡ್ಡ ನಿರ್ದೇಶಕರು ಒಬ್ಬೊಬ್ಬರೂ ಒಂದೊಂದು ಉತ್ತರ ಕೊಟ್ಟಿದ್ದಾರೆ, ಆ ಉತ್ತರದಿಂದಲೇ ಮುಂದಿನ ಇಡೀ ಭಾಗದ ಸ್ವಭಾವ ನಿರ್ಧಾರವಾಗುತ್ತದೆ. ಇಂಥ ಭೇದಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳುವ ಅವಕಾಶ ಸಿಕ್ಕಿದ್ದು ತಟ್ಟೆಗಳು ಬಂದ ಮೇಲೆ. ಆರ್ಟುರ್ ನಿಕಿಶ್ 1913ರಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ವೃಂದದೊಡನೆ ಈ ಐದನೆಯ ಸಿಂಫನಿಯನ್ನು ಮುದ್ರಿಸಿದಾಗ ಅದು ಹಲವು ಮುಖಗಳಿಗೆ ಹಂಚಿಹೋಯಿತು, ಏಕೆಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹನ್ನೆರಡು ಅಂಗುಲದ ತಟ್ಟೆಯ ಒಂದು ಮುಖ ಸುಮಾರು ನಾಲ್ಕೂವರೆ ನಿಮಿಷದಲ್ಲಿ ಮುಗಿಯುತ್ತಿತ್ತು. ಹೀಗಾಗಿ ಸಂಗೀತ ಎಲ್ಲಿಗೆ ಬಂದಿದ್ದರೂ ಅಲ್ಲಿಗೇ ತಡೆದು, ತಟ್ಟೆ ತಿರುವಿಹಾಕಿ, ಮುಂದುವರಿಸಬೇಕಾಗುತ್ತಿತ್ತು. ಜಾಗ ಉಳಿಸಲು ರಚನಕಾರನೇ ಪುನರಾವರ್ತಿಸಬೇಕೆಂದು ಸೂಚಿಸಿದ್ದ ಭಾಗಗಳನ್ನು ಅನೇಕ ಸಲ ಬಿಟ್ಟೇಬಿಡುತ್ತಿದ್ದರು. 1925ರ ವೇಳೆಗೆ ವಿದ್ಯುತ್ ಮೈಕ್ರೊಫೋನ್ ಬಳಕೆಗೆ ಬಂದು ಧ್ವನಿ ತಿಳಿಯಾಯಿತು, ಆದರೆ ನಾಲ್ಕೂವರೆ ನಿಮಿಷದ ಗೋಡೆ ಮಾತ್ರ ಹಾಗೆಯೇ ಉಳಿಯಿತು.

ಈ ಗೋಡೆಯ ಕಾಲದಲ್ಲೇ ತಟ್ಟೆಗಳನ್ನು ಸಂಗ್ರಹಿಸಿದವರು ಜಯಚಾಮರಾಜೇಂದ್ರ ಒಡೆಯರ್. 1919ರಲ್ಲಿ ಜನಿಸಿ 1940ರಲ್ಲಿ ಪಟ್ಟಕ್ಕೆ ಬಂದ ಅವರು ಪಿಯಾನೊ ವಾದನದಲ್ಲಿ ವಿಧಿವತ್ತಾದ ಶಿಕ್ಷಣ ಪಡೆದಿದ್ದರು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಅವರಿಗೆ ಸಂದಿತು. ಅವರೇ ಶ್ರೀವಿದ್ಯಾ ಅಂಕಿತದಲ್ಲಿ 94 ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಹೌದು. ಎರಡು ಪದ್ಧತಿಗಳನ್ನೂ ಒಳಗಿನಿಂದ ಬಲ್ಲ ಇಂಥ ಕೇಳುಗರು ಅಪರೂಪ. ಇಂಗ್ಲೆಂಡಿನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್, ಮಹಾರಾಜರ ಆಹ್ವಾನದ ಮೇರೆಗೆ ಮೈಸೂರಿಗೆ ಬಂದಾಗ, ಗಂಭೀರ ಸಂಗೀತದ ಅಸಂಖ್ಯ ಮುದ್ರಿಕೆಗಳ ಭಂಡಾರವನ್ನೂ, ಬಗೆಬಗೆಯ ಧ್ವನಿವರ್ಧಕಗಳನ್ನೂ, ಹಲವು ದೊಡ್ಡ ಪಿಯಾನೊಗಳನ್ನೂ ಕಂಡು ಬೆರಗಾದುದನ್ನು ಮುಂದೆ ದಾಖಲಿಸಿದ್ದಾರೆ. ಆ ಭಂಡಾರ ಪ್ರದರ್ಶನದ ವಸ್ತುವಾಗಿರಲಿಲ್ಲ. ಯಾವ ಕೃತಿಗೆ ಒಳ್ಳೆಯ ಮುದ್ರಿಕೆಯೇ ಇಲ್ಲವೆಂಬುದನ್ನು ಅದರ ಒಡೆಯ ಬಲ್ಲವರಾಗಿದ್ದರೆಂಬುದಕ್ಕೆ ಮುಂದೆ ನಡೆದುದೇ ಸಾಕ್ಷಿ.

ರಷ್ಯದಿಂದ ಹೊರಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ರಚನಕಾರ ವೃದ್ಧಾಪ್ಯದಲ್ಲಿ, ಅನಾರೋಗ್ಯದಲ್ಲಿ, ಜಗತ್ತು ತನ್ನನ್ನು ಮರೆತಿರುವ ಸ್ಥಿತಿಯಲ್ಲಿ ಬದುಕುತ್ತಿದ್ದ. ಅವನ ಸಂಗೀತವನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಲೆಂದು ಮಹಾರಾಜರು ಹಣ ಒದಗಿಸಿ ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿದರು. ಪಿಯಾನೊ ಮತ್ತು ವಾದ್ಯವೃಂದಕ್ಕಾಗಿ ಅವನು ಬರೆದಿದ್ದ ಮೂರು ಕಾನ್ಸರ್ಟೊಗಳು 1947ರಲ್ಲಿ ಫಿಲ್‌ಹಾರ್ಮೋನಿಯ ವೃಂದದೊಡನೆ ಮುದ್ರಣಗೊಂಡವು. ಮೂರನೆಯ ಕಾನ್ಸರ್ಟೊವನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೇ ಅರ್ಪಿಸಿದ. 1951ರಲ್ಲಿ ಅವನು ತೀರಿಕೊಂಡ. ಇನ್ನು ನಾಲ್ಕೈದು ವರ್ಷ ತಡವಾಗಿದ್ದರೆ ಆ ಕೃತಿಗಳು ರಚನಕಾರನ ಬೆರಳಿನಲ್ಲಿ ಹೇಗಿದ್ದವೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಲೆಗ್ 1945ರಲ್ಲಿ ಕಟ್ಟಿದ್ದ ಫಿಲ್‌ಹಾರ್ಮೋನಿಯಕ್ಕೂ ಮೈಸೂರಿನಿಂದ ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷಗಳ ನೆರವು ಗೊತ್ತಾಯಿತು. ಈ ನೆರವಿನ ಫಲವಾಗಿ ಹರ್ಬರ್ಟ್ ಫಾನ್ ಕಾರಯಾನ್ ಎಂಬ ನಿರ್ದೇಶಕ 1949ರಲ್ಲಿ ಅದೇ ವೃಂದದೊಡನೆ ಬಲಾಕಿರೆವ್‌ನ ಮೊದಲನೆಯ ಸಿಂಫನಿಯನ್ನೂ, ರೂಸೆಲ್‌ನ ನಾಲ್ಕನೆಯ ಸಿಂಫನಿಯನ್ನೂ ಮುದ್ರಿಸಿದ. ಎಲ್ಲರೂ ಬಲ್ಲ ಬೀಥೋವನ್, ಬ್ರಾಮ್ಸ್‌ಗಳ ಹೊಸ ಮುದ್ರಿಕೆಗೆ ದುಡ್ಡು ಸುರಿಯುವುದು ಸುಲಭವಾಗಿತ್ತು. ಅಂಗಡಿಯಲ್ಲಿ ಸುಲಭವಾಗಿ ಮಾರಾಟವಾಗದ ಕೃತಿಗಳನ್ನು ಆರಿಸಿದ್ದರಲ್ಲಿ ನಿಜವಾದ ಸಂಗ್ರಾಹಕನ ದೃಷ್ಟಿಯಿದೆ.

ಇನ್ನೊಂದು ಘಟನೆಯೂ ಇಲ್ಲಿಗೆ ಸಲ್ಲುತ್ತದೆ. ರಿಚರ್ಡ್ ಸ್ಟ್ರಾಸ್‌ನ ಕಡೆಯ ನಾಲ್ಕು ಗೀತೆಗಳ ಮೊದಲ ಪ್ರಯೋಗ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಗಾಯನದಲ್ಲಿ, ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ನಡೆಯಿತು. ಅಂದಿನ ಸಂಗೀತವನ್ನು ತಮ್ಮ ಸಂಗ್ರಹಕ್ಕೆಂದು ಮುದ್ರಿಸಿಕೊಡಬೇಕೆಂಬ ಉದ್ದೇಶದಿಂದ ಮಹಾರಾಜರು 4,800 ಡಾಲರುಗಳ ಖಾತರಿ ನೀಡಿದ್ದರು. ಆ ಮುದ್ರಿಕೆ ಮಸುಕಾದ ಧ್ವನಿಯಲ್ಲಾದರೂ ಉಳಿದು ಮುಂದೆ ಸಾರ್ವಜನಿಕರಿಗೂ ದೊರೆಯಿತು. ಅಷ್ಟರಲ್ಲಿ, 1948ರಲ್ಲಿ, ಅಮೆರಿಕದಲ್ಲಿ ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತು ತಿರುಗುವ, ಮುಖವೊಂದಕ್ಕೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ನುಡಿಯುವ ಎಲ್‌ಪಿ ತಟ್ಟೆ ಬಂದಿತ್ತು; ಸಿಂಫನಿಯೊಂದು ತಟ್ಟೆಯ ಎರಡು ಮುಖಗಳಲ್ಲಿ ಹಿಡಿಯುವಂತಾಯಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲವನ್ನು ಸೇರಿಸಿಕೊಂಡ ಹೊಸ ಮೈಸೂರು ರಾಜ್ಯಕ್ಕೆ ಮೊದಲ ರಾಜ್ಯಪಾಲರಾದವರು ಇದೇ ಜಯಚಾಮರಾಜೇಂದ್ರ ಒಡೆಯರ್. ಮಾದಪ್ಪನ ಬೆಟ್ಟ ಅವರ ಆಡಳಿತದ ವ್ಯಾಪ್ತಿಗೆ ಬಂದದ್ದು ಹಾಗೆ.

ಆ ಬೆಟ್ಟದ ಕಾವ್ಯವೂ ಭಾಗಭಾಗವಾಗಿ ಕಟ್ಟಲ್ಪಟ್ಟ ದೀರ್ಘಕೃತಿಯೇ. ಅದರ ಭಾಗಗಳನ್ನು ಹಾಡುವವರು ಸಾಲು ಎನ್ನುತ್ತಾರೆ: ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಜುಂಜೇಗೌಡನ ಸಾಲು, ಶ್ರವಣನ ಸಾಲು, ಸರಗೂರಯ್ಯನ ಸಾಲು ಮೊದಲಾದವು. ಹಾಡುವವರು ದೇವರಗುಡ್ಡರು, ಅಂದರೆ ಹರಕೆಯ ಮೂಲಕ ಮಾದಪ್ಪನಿಗೆ ಒಪ್ಪಿಸಲ್ಪಟ್ಟ, ಗುರುವಿನಿಂದ ದೀಕ್ಷೆ ಪಡೆದ ಭಕ್ತರು. ಅವರ ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ದಾರದಿಂದ ಹಿಡಿದ ಚಪ್ಪಟೆಯಾದ ಕಂಚಿನ ತಟ್ಟೆ. ಇವೆರಡೂ ಸೇರಿ ಕಂಸಾಳೆ. ಬೀಸು ಕಂಸಾಳೆಯೆಂಬ ಕುಣಿತಕ್ಕೆ ಹೊರಗಿನವರ ಕಣ್ಣು ಬೇಗ ಬೀಳುತ್ತದೆ. ಕಾವ್ಯ ನಡೆಯುವುದು ಮಾತ್ರ ಕೂತು ಹಾಡುವ ಕಥನದಲ್ಲಿ, ರಾತ್ರಿಯಿಡೀ. ಮುಖ್ಯ ಗಾಯಕ ಕಥೆಯನ್ನು ಹಾಡುತ್ತಾನೆ, ಹಿಮ್ಮೇಳದವರು ಸೊಲ್ಲು ಎಂಬ ಪಲ್ಲವಿಯನ್ನು ಹಿಡಿದು ಎತ್ತುತ್ತಾರೆ, ನಡುನಡುವೆ ಕಂಸಾಳೆ ನಿಂತು ಕಥೆ ಮಾತಿಗೆ ಇಳಿಯುತ್ತದೆ, ಮಾತು ಬಿಗಿಯಾಗುತ್ತಿದ್ದಂತೆ ಮತ್ತೆ ಹಾಡಾಗುತ್ತದೆ. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಯನ್ನು ತಂಬೂರಿ, ಡಮ್ಮಡಿ, ಗಗ್ಗರಗಳೊಡನೆ ಹಾಡುವ ನೀಲಗಾರರ ಕ್ರಮವೂ ಬಹುಮಟ್ಟಿಗೆ ಹೀಗೆಯೇ. ಚಿಕ್ಕಲ್ಲೂರಿನ ಜಾತ್ರೆ ಅವರ ದೊಡ್ಡ ಕೂಟ.

ಇಲ್ಲಿ ಸ್ವರಲಿಪಿಯಿಲ್ಲ, ಬರೆದಿಟ್ಟ ಪಠ್ಯವೂ ಇಲ್ಲ. ಆದ್ದರಿಂದ ಮೇಳ ಮೇಳಕ್ಕೂ ಇರುವ ಅಂತರ ಸಿಂಫನಿಯ ನಿರ್ದೇಶಕರ ನಡುವಣ ಅಂತರಕ್ಕಿಂತ ಬಹಳ ಹೆಚ್ಚು. ಸಂಕಮ್ಮನ ಸಾಲನ್ನೇ ನೋಡಬಹುದು. ಗಂಡ ನೀಲೇಗೌಡ ಜೇನು ಕೊಯ್ಯಲು ಕಾಡಿಗೆ ಹೋಗುವ ಮುನ್ನ ಹೆಂಡತಿಯ ಶೀಲವನ್ನು ಶಂಕಿಸಿ ಅವಳನ್ನು ಕಟ್ಟುಮಾಯೆಯಲ್ಲಿ ಸೆರೆಯಿಡುತ್ತಾನೆ. ಮಾದಪ್ಪ ಅವಳನ್ನು ಬಿಡಿಸಿ, ಅವಳಿಗೆ ಕಾರಯ್ಯ, ಬಿಲ್ಲಯ್ಯರೆಂಬ ಮಕ್ಕಳಾಗುವಂತೆ ಮಾಡುತ್ತಾನೆ. ಕಥೆಯ ಎಲುಬು ಇಷ್ಟೇ. ಅವಳ ಗೋಳನ್ನು ಎಷ್ಟು ಹೊತ್ತು ಹಾಡಬೇಕು, ಗಂಡನ ಅನುಮಾನವನ್ನು ಹಾಡಿನಲ್ಲಿ ಹೇಳಬೇಕೋ ಮಾತಿನಲ್ಲೋ, ದೇವರು ಬರುವುದನ್ನು ಎಷ್ಟು ತಡಮಾಡಬೇಕು ಎಂಬುದೆಲ್ಲ ಗಾಯಕನ ವಿವೇಚನೆ, ಅಂದಿನ ಕೇಳುಗರ ತಾಳ್ಮೆ, ರಾತ್ರಿಯಲ್ಲಿ ಉಳಿದಿರುವ ಹೊತ್ತು ಇವುಗಳಿಗೆ ಬಿಟ್ಟದ್ದು. ಇಂಥ ಪರಂಪರೆಯಲ್ಲಿ ಕೇಳುಗರೇ ಸಂಗ್ರಾಹಕರು. ಹಿಂದೆ ಕೇಳಿದ ರಾತ್ರಿಗಳು ಅವರ ನೆನಪಿನಲ್ಲಿದ್ದು, ಹೊಸ ಮೇಳದ ಹಾಡು ಆ ನೆನಪಿನ ಮುಂದೆ ನಿಂತು ತನ್ನ ತೂಕವನ್ನು ತೋರಬೇಕಾಗುತ್ತದೆ.

ವಿದ್ವಾಂಸರು ಈ ಹಾಡನ್ನು ಬರಹಕ್ಕೆ ಇಳಿಸತೊಡಗಿದ್ದು ತಡವಾಗಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡಿತು, ಜೀ. ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ಜನಪದ ಕಾವ್ಯಗಳನ್ನೂ ಅವುಗಳ ಗಾಯಕ ಪರಂಪರೆಗಳನ್ನೂ ಕ್ರಮವಾಗಿ ಅಧ್ಯಯನ ಮಾಡಿದರು. ಪಿ. ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ 1973ರಲ್ಲಿ ಬಂದಿತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ಗಾಯಕನ ಹೆಸರನ್ನು ಕಾವ್ಯದ ಜೊತೆಗೇ ಇಡುವ ಈ ಕ್ರಮ ಬಹಳ ಮುಖ್ಯವಾದುದು, ಏಕೆಂದರೆ ಆಗ ಮಾತ್ರ ಅದು ಕಾವ್ಯದ ಏಕೈಕ ರೂಪವಲ್ಲ, ಒಬ್ಬ ಕಲಾವಿದನ ನಿರ್ವಹಣೆಯೆಂಬ ಅರಿವು ಉಳಿಯುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಕಿವಿಗಳನ್ನು ತಲುಪಿದ್ದು ಕ್ಯಾಸೆಟ್. 1963ರಲ್ಲಿ ಯೂರೋಪಿನಲ್ಲಿ ಹುಟ್ಟಿದ ಈ ಪುಟ್ಟ ಟೇಪು ಎಂಬತ್ತರ ದಶಕದ ಹೊತ್ತಿಗೆ ಕೊಳ್ಳೇಗಾಲದ ಪೇಟೆಯಲ್ಲೂ, ಬೆಟ್ಟದ ಅಂಗಡಿಸಾಲಿನಲ್ಲೂ, ಬಸ್ಸುಗಳಲ್ಲೂ ಕೇಳಿಬರತೊಡಗಿತು. ಮಳವಳ್ಳಿ ಮಹದೇವಸ್ವಾಮಿ, ಮೈಸೂರು ಗುರುರಾಜ್ ಮೊದಲಾದವರ ಹಾಡಿಕೆಗಳು ಮನೆಮಾತಾದವು. ಇಬ್ಬರಲ್ಲಿ ಯಾರದ್ದು ಮಿಗಿಲೆಂಬ ಚರ್ಚೆಗೆ ಈಗ ನೆನಪಿನ ಜೊತೆಗೆ ಪುರಾವೆಯೂ ಇತ್ತು. ಆದರೆ ಅರವತ್ತು ನಿಮಿಷದ ಕ್ಯಾಸೆಟ್‌ನ ಒಂದು ಮುಖ ಮೂವತ್ತು ನಿಮಿಷ. ರಾತ್ರಿಯೆಲ್ಲ ನಡೆಯುವ ಸಾಲನ್ನು ಅದರೊಳಗೆ ಕೂರಿಸಹೊರಟಾಗ ಮೊದಲು ಕಳಚಿಬೀಳುವುದು ಸೊಲ್ಲಿನ ಪುನರಾವರ್ತನೆ ಮತ್ತು ನಡುವಿನ ಮಾತು, ಅಂದರೆ 78 ಸುತ್ತಿನ ತಟ್ಟೆ ಸಿಂಫನಿಯಿಂದ ಕಿತ್ತುಕೊಂಡಂಥದೇ ಭಾಗ. ಸ್ಟುಡಿಯೊದಲ್ಲಿ ಕೀಬೋರ್ಡ್, ಕೊಳಲು, ತಬಲಗಳು ಸೇರಿಕೊಂಡು ಕಂಸಾಳೆಯ ನಾದ ಹಿಂದೆ ಸರಿಯಿತು. 1996ರ ‘ಜನುಮದ ಜೋಡಿ’ ಚಿತ್ರದ ‘ಕೋಲುಮಂಡೆ ಜಂಗಮ’ ಹಾಡಂತೂ ಈ ಪರಂಪರೆಯ ಒಂದು ತುಣುಕನ್ನು ನಾಡಿನುದ್ದಕ್ಕೂ ಕೊಂಡೊಯ್ದಿತು. ಅದರಿಂದ ಆದ ಉಪಕಾರ ದೊಡ್ಡದು, ಆದರೆ ತುಣುಕೇ ಕಾವ್ಯವೆಂದು ತಿಳಿಯುವವರೂ ಹೆಚ್ಚಿದರು.

ಸಿಂಫನಿಗೆ ಎಲ್‌ಪಿ ಒದಗಿ ಬಂದಂತೆ ಸಾಲಿಗೆ ಅದರ ಉದ್ದದ ಮಾಧ್ಯಮ ಒದಗಿದ್ದು ತೀರ ಈಚೆಗೆ, ಡಿಜಿಟಲ್ ಮುದ್ರಣ ಬಂದ ಮೇಲೆ. ಸಂಜೆಯಿಂದ ಬೆಳಗಿನವರೆಗಿನ ಹಾಡನ್ನು ಒಂದು ಕಡೆಯೂ ಕತ್ತರಿಸದೆ ಈಗ ಹಿಡಿಯಬಹುದು. ರಾಜಶೇಖರರ ಪಠ್ಯವನ್ನೂ ಹೆಬ್ಬಣಿ ಮಾದಯ್ಯನವರ ಪಠ್ಯವನ್ನೂ ಪಕ್ಕದಲ್ಲಿಟ್ಟು ಸಂಕಮ್ಮನ ಸಾಲನ್ನು ಓದುವವರಿಗೆ ಕಥೆಯ ಭೇದಗಳು ಸಿಗುತ್ತವೆ, ಕಂಸಾಳೆ ಎಲ್ಲಿ ನಿಂತು ಮಾತು ಎಲ್ಲಿ ಎದ್ದಿತೆಂಬುದು ಅಚ್ಚಿನಿಂದ ಕೇಳಿಸುವುದಿಲ್ಲ. ಅದನ್ನು ಕೇಳಿಸಬಲ್ಲ ಮೇಳಗಳು ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಲ್ಲಿ ಇನ್ನೂ ಬೆಟ್ಟ ಹತ್ತುತ್ತಿವೆ. ಒಂದೇ ಸಾಲನ್ನು ನಾಲ್ಕಾರು ಮೇಳಗಳಿಂದ, ಪ್ರತಿಯೊಂದನ್ನೂ ಪೂರ್ತಿ ರಾತ್ರಿ, ಗಾಯಕರ ಹೆಸರು, ಊರು, ಗುರುಪರಂಪರೆಗಳೊಡನೆ ಮುದ್ರಿಸಿಡುವುದು ಮೆಟ್ನರ್‌ನ ಮೂರು ಕಾನ್ಸರ್ಟೊಗಳನ್ನು ಮುದ್ರಿಸಿದ್ದಕ್ಕಿಂತ ಕಡಿಮೆ ತುರ್ತಿನ ಕೆಲಸವಲ್ಲ.