ಚೆನ್ನಾಗಿದೆಯಂತೆ

ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಒಂದು ಪ್ರಶ್ನೆ ಬಂದು ಬೀಳುತ್ತದೆ: "ಹೊಸಾದು ಹೆಂಗಿದೆಯಂತೆ?" ಯಾವ ಸಿನಿಮಾ ಅಂತ ಯಾರೂ ಕೇಳುವುದಿಲ್ಲ. ಹತ್ತು ನಿಮಿಷದಲ್ಲಿ ಉತ್ತರಗಳು ಶುರು. "ಫಸ್ಟ್ ಹಾಫ್ ಸ್ವಲ್ಪ ಎಳೆದಿದ್ದಾರಂತೆ." "ಕ್ಲೈಮ್ಯಾಕ್ಸ್ ಸಖತ್ತಾಗಿದೆಯಂತೆ." "ಒಂದ್ಸಲ ನೋಡಬಹುದಂತೆ." ಮೊನ್ನೆ ಸುಮ್ಮನೆ ಕೂತು ಎಣಿಸಿದೆ. ಹದಿನಾಲ್ಕು ಅಭಿಪ್ರಾಯ. ಸಿನಿಮಾ ನೋಡಿದವರು ಸೊನ್ನೆ.

ನಗು ಬಂತು, ಆಮೇಲೆ ಈ 'ಅಂತೆ'ಯ ಬಗ್ಗೆ ಕುತೂಹಲವೂ ಹುಟ್ಟಿತು. ನಮ್ಮ ಭಾಷೆಯಲ್ಲಿ ಎರಡಕ್ಷರ ಸೇರಿಸಿದರೆ ಸಾಕು, ಹೇಳಿದ ಮಾತಿನ ಜವಾಬ್ದಾರಿ ಇನ್ಯಾರದೋ ತಲೆಗೆ ಹೋಗುತ್ತದೆ. ಅಂತೆ ಕಂತೆಗಳ ಸಂತೆ ಎಂದು ಹಿರಿಯರು ಬೈಯುವುದು ಇದನ್ನೇ. ಆದರೆ ಕನ್ನಡ ಸಿನಿಮಾ ತೊಂಬತ್ತು ವರ್ಷ ಬದುಕಿದ್ದು ಹೆಚ್ಚುಕಮ್ಮಿ ಈ ಎರಡಕ್ಷರದ ಮೇಲೆಯೇ ಅಂತ ನನಗನ್ನಿಸುತ್ತದೆ.

ಮೊದಲಿನಿಂದ ನೋಡೋಣ. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ 'ಸತಿ ಸುಲೋಚನ' ತೆರೆಕಂಡಿತು. ಕನ್ನಡದ ಮೊದಲ ಟಾಕಿ. ಪರದೆಯ ಮೇಲಿನ ಮನುಷ್ಯರು ಕನ್ನಡ ಮಾತಾಡುವುದನ್ನು ಅಲ್ಲಿಯವರೆಗೆ ಜನ ಕೇಳಿರಲಿಲ್ಲ. ಹಾಗಾದರೆ ಯಾರ ಮಾತು ನಂಬಿ ಟಿಕೆಟ್ ತಗೊಂಡರು? ಉತ್ತರ ನಾಟಕ ಕಂಪನಿಗಳಲ್ಲಿದೆ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಇಬ್ಬರೂ ರಂಗಭೂಮಿಯಲ್ಲಿ ಹೆಸರು ಮಾಡಿದವರು. ಅವರ ನಾಟಕಕ್ಕೆ ಹೋಗಿ ಬಂದ ಮನೆಗಳಿಗೆ ಬೇರೆ ಶಿಫಾರಸು ಬೇಕಿರಲಿಲ್ಲ. ಇವತ್ತು ನಾವು 'ಆ ಡೈರೆಕ್ಟರ್ ಹಿಂದಿನ ಸಿನಿಮಾ ಚೆನ್ನಾಗಿತ್ತು' ಅಂತ ಬುಕ್ ಮಾಡುತ್ತೇವಲ್ಲ, ಅದೇ ಲೆಕ್ಕ.

ಹಳ್ಳಿಗಳಲ್ಲಿ ಟೆಂಟು ಬಂದ ಮೇಲೆ ಪ್ರಚಾರ ಗಾಡಿಯ ಮೇಲೆ ಬಂತು. ಎರಡೂ ಕಡೆ ಪೋಸ್ಟರ್ ಕಟ್ಟಿಕೊಂಡ ಗಾಡಿ, ಮುಂದೆ ತಮಟೆ, ಹಿಂದೆ ಬಣ್ಣದ ಕರಪತ್ರಕ್ಕೆ ಓಡುವ ಮಕ್ಕಳು. ಟೆಂಟಿನಲ್ಲಿ ಪುಟಾಣಿ ಹಾಡಿನ ಪುಸ್ತಕ ಮಾರುತ್ತಿದ್ದರು. ಅದರಲ್ಲಿ ಹಾಡುಗಳ ಜೊತೆಗೆ ಕಥಾಸಾರಾಂಶವೂ ಇರುತ್ತಿತ್ತು, ಆದರೆ ಅರ್ಧದವರೆಗೆ ಮಾತ್ರ. ನಾಯಕಿ ಕಷ್ಟಕ್ಕೆ ಸಿಕ್ಕಿಕೊಂಡ ಜಾಗದಲ್ಲಿ ಕಥೆ ನಿಲ್ಲಿಸಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೇ ನೋಡಿ ಎಂದು ಕೈಮುಗಿದುಬಿಡುತ್ತಿದ್ದರು. ಸ್ಪಾಯ್ಲರ್ ಹೇಳಬಾರದು ಅನ್ನುವ ಶಿಸ್ತು ನಾವು ಕಂಡುಹಿಡಿದದ್ದೇನಲ್ಲ.

ಆ ಕಾಲದ ಇನ್ನೊಂದು ಸಂಗತಿ ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದು ಸಿನಿಮಾಕ್ಕೆ ಇರುತ್ತಿದ್ದ ಪ್ರಿಂಟುಗಳು ಕೆಲವೇ ಕೆಲವು. ರೀಲಿನ ಡಬ್ಬ ಮೊದಲು ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಓಡಿ, ಆಮೇಲೆ ಜಿಲ್ಲಾ ಕೇಂದ್ರ, ತಾಲ್ಲೂಕು, ಕೊನೆಗೆ ಹೋಬಳಿಯ ಟೆಂಟು ಸೇರಬೇಕು. ಅಷ್ಟು ಹೊತ್ತಿಗೆ ತಿಂಗಳುಗಳೇ ಕಳೆದು, ಪ್ರಿಂಟಿನ ಮೇಲೆ ಗೆರೆ ಬಿದ್ದು ತೆರೆಯಲ್ಲಿ ಮಳೆ ಸುರಿಯುತ್ತಿತ್ತು. ಹಾಗಾಗಿ ಸಿನಿಮಾಕ್ಕಿಂತ ಮೊದಲು ಊರಿಗೆ ಅದರ ಸುದ್ದಿ ಬರುತ್ತಿತ್ತು. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಇನ್‌ಲ್ಯಾಂಡ್ ಲೆಟರಿನಲ್ಲಿ.

ನಮ್ಮಜ್ಜಿಗೆ ಬಂದದ್ದು ಇನ್‌ಲ್ಯಾಂಡ್ ಲೆಟರಿನಲ್ಲಿ.

ಎಪ್ಪತ್ತರ ದಶಕದ ಆರಂಭ. ಅಜ್ಜಿಗೆ ಇಪ್ಪತ್ತೈದೋ ಇಪ್ಪತ್ತಾರೋ. ತಿಪಟೂರಿನ ಹತ್ತಿರದ ಹಳ್ಳಿ, ಎರಡು ಮಕ್ಕಳು, ತೆಂಗಿನ ತೋಟ. ಅವಳ ಅಕ್ಕನನ್ನು ಬೆಂಗಳೂರಿಗೆ ಕೊಟ್ಟಿತ್ತು. ಅಕ್ಕನ ಕಾಗದಗಳು ಯಾವಾಗಲೂ ಒಂದೇ ಥರ: ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಬರೆಯುವುದು, ಸೀಮೆಎಣ್ಣೆ ಸಿಗುತ್ತಿಲ್ಲ, ಮಗುವಿಗೆ ಹಲ್ಲು ಬಂತು. ಆ ಸಲ ಮಾತ್ರ ಮಡಚುವ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದಳಂತೆ. 'ಶರಪಂಜರ' ನಿಮ್ಮ ಕಡೆ ಬಂದರೆ ತಪ್ಪದೆ ನೋಡು, ನಿಮ್ಮ ಯಜಮಾನರನ್ನೂ ಕರಕೊಂಡು ಹೋಗು.

ಅಜ್ಜಿಗೆ ಆಶ್ಚರ್ಯ. ಅಕ್ಕ ಸಿನಿಮಾ ಹುಚ್ಚಿನವಳಲ್ಲ. "ಅವಳು ಯಾವತ್ತೂ ಸಿನಿಮಾ ವಿಷಯ ಬರೆದೋಳೇ ಅಲ್ಲ ಕಣೋ. ಏನೋ ದೇವರ ಚಿತ್ರ ಇರಬೇಕು ಅಂದ್ಕೊಂಡೆ" ಅಂತಾಳೆ ಅಜ್ಜಿ.

'ಶರಪಂಜರ' ದೇವರ ಚಿತ್ರವಾಗಿರಲಿಲ್ಲ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಕಾವೇರಿಯಾಗಿ ಕಲ್ಪನಾ. ಹೆರಿಗೆಯ ನಂತರ ಮನಸ್ಸಿನ ಹದ ತಪ್ಪಿದ ಹೆಂಗಸು ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಅವಳು ಗುಣವಾಗಿದ್ದಾಳೆ ಅಂತ ನಂಬಲು ಮನೆಯವರು, ಅಕ್ಕಪಕ್ಕದವರು ತಯಾರಿಲ್ಲ. ಗಂಡನೂ ಇಲ್ಲ. ಜೋರಾಗಿ ನಕ್ಕರೆ ಒಂದು ನೋಟ, ಸಿಟ್ಟು ಬಂದರೆ ಇನ್ನೊಂದು ನೋಟ. ಕಾಯಿಲೆ ಮುರಿಯಲಾಗದ್ದನ್ನು ಆ ನೋಟಗಳು ಮುರಿಯುತ್ತವೆ. ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರು, ಈ ಚಿತ್ರ ಅವರು ನೋಡಲಿಲ್ಲ. ಆದರೆ ಹೆಂಗಸರ ಮನಸ್ಸಿಗೂ ಕಾಯಿಲೆ ಬರುತ್ತದೆ, ಅದು ದೆವ್ವವಲ್ಲ ಶಾಪವಲ್ಲ ಎಂದು ಕನ್ನಡದಲ್ಲಿ ಅಷ್ಟು ಬಿಡಿಸಿ ಬರೆದವರು ಅವರಿಗಿಂತ ಮೊದಲು ಎಷ್ಟು ಜನ ಇದ್ದರು ಹೇಳಿ.

ಡಬ್ಬ ತಿಪಟೂರಿಗೆ ಬರಲು ತಿಂಗಳುಗಳೇ ಹಿಡಿದವು. ಅಜ್ಜಿ ಓರಗೆಯ ಮೂವರು ಹೆಂಗಸರ ಜೊತೆ ಮ್ಯಾಟಿನಿಗೆ ಹೋದಳು. ತಾತ ಬರಲಿಲ್ಲ. ಅಳಿಸೋ ಸಿನಿಮಾಕ್ಕೆ ದುಡ್ಡು ಯಾಕೆ ದಂಡ ಅಂದರಂತೆ.

"ಅರ್ಧ ಸಿನಿಮಾ ಆಗೋಷ್ಟೊತ್ತಿಗೆ ನನಗೆ ಕೈಕಾಲು ತಣ್ಣಗಾಯ್ತು" ಅಂದಳು ಅಜ್ಜಿ. ಅಕ್ಕನಿಗೆ ಎರಡನೇ ಬಾಣಂತನದಲ್ಲಿ ಏನೋ ಆಗಿತ್ತು. ಬಾಣಂತಿ ಸನ್ನಿ ಅಂತ ಮನೆಯಲ್ಲಿ ಪಿಸುಗುಟ್ಟಿದ್ದರು. ಯಂತ್ರ ಕಟ್ಟಿಸಿದರು, ಎರಡು ತಿಂಗಳು ಹಿತ್ತಲ ಕೋಣೆಯಲ್ಲಿ ಮಲಗಿಸಿದರು, ಆಮೇಲೆ ಸರಿಹೋಯಿತು ಅಂತ ಗಂಡನ ಮನೆಗೆ ಕಳಿಸಿದರು. ಅದಾದ ಮೇಲೆ ಆ ಮಾತು ಯಾರೂ ಎತ್ತಲಿಲ್ಲ. ಅಜ್ಜಿಯೂ ಎತ್ತಲಿಲ್ಲ. "ನಾನೂ ಅವಳನ್ನ ಹಂಗೇ ನೋಡ್ತಿದ್ದೆ ಕಣೋ. ಅವಳು ಚಾಕು ತಗೊಂಡು ತರಕಾರಿ ಹೆಚ್ಚೋಕೆ ಕೂತ್ರೆ ಮಗುನ ಎತ್ಕೊಂಡು ಪಕ್ಕಕ್ಕೆ ಹೋಗ್ತಿದ್ದೆ."

ತನಗೆ ಏನಾಗಿತ್ತು, ಆಮೇಲೆ ತನ್ನ ಜೊತೆ ಎಲ್ಲರೂ ಹೇಗೆ ನಡೆದುಕೊಂಡರು ಎಂದು ತಂಗಿಗೆ ಬರೆಯಲು ಅಕ್ಕನಿಗೆ ಮಾತಿರಲಿಲ್ಲ. ಇದ್ದಿದ್ದರೂ ಇನ್‌ಲ್ಯಾಂಡ್ ಲೆಟರನ್ನು ಮನೆಮಂದಿಯೆಲ್ಲ ಓದುತ್ತಿದ್ದರು. ಹಾಗಾಗಿ ಒಂದು ಸಿನಿಮಾದ ಹೆಸರು ಬರೆದಳು. 'ಚೆನ್ನಾಗಿದೆಯಂತೆ' ಅಲ್ಲ. ನೋಡು.

ಸಿನಿಮಾ ಶಿಫಾರಸಿನ ಚರಿತ್ರೆ ಅಂದರೆ ನನಗೆ ಮೊದಲು ನೆನಪಾಗುವುದು ಆ ಮಡಚುವ ಅಂಚು. ಪತ್ರಿಕೆಗಳ ವಿಮರ್ಶೆ, ಸಿನಿಮಾ ಮಾಸಿಕಗಳು, 1971ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸುಚಿತ್ರ ಫಿಲಂ ಸೊಸೈಟಿ, ಹೆಗ್ಗೋಡಿನಂಥ ಹಳ್ಳಿಯಲ್ಲಿ ಜಗತ್ತಿನ ಸಿನಿಮಾ ತೋರಿಸಿದ ಕೆ.ವಿ. ಸುಬ್ಬಣ್ಣನವರ ನೀನಾಸಂ ಎಲ್ಲದಕ್ಕೂ ದೊಡ್ಡ ಜಾಗ ಇದೆ, ಅವುಗಳ ಬಗ್ಗೆ ಬಲ್ಲವರು ಬರೆದಿದ್ದಾರೆ. ಮಡಚುವ ಅಂಚಿನ ಬಗ್ಗೆ ಯಾರೂ ಬರೆದ ಹಾಗಿಲ್ಲ.

ಅಪ್ಪನ ಕಾಲಕ್ಕೆ ಬಂದರೆ ವಿಮರ್ಶಕರು ಬೇರೆ. ಎಂಬತ್ತರ ದಶಕದಲ್ಲಿ ಅಪ್ಪ ಬೆಂಗಳೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದರು. ಕೆಂಪೇಗೌಡ ರಸ್ತೆಯಲ್ಲಿ ಚಿತ್ರಮಂದಿರಕ್ಕೆ ಅಂಟಿಕೊಂಡು ಚಿತ್ರಮಂದಿರ. ಮೆಜೆಸ್ಟಿಕ್ ಅನ್ನುವ ಹೆಸರೇ ಥಿಯೇಟರಿನದು, ಬಸ್ ಸ್ಟ್ಯಾಂಡಿನದಲ್ಲ. ಯಾವುದಕ್ಕೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಅಪ್ಪ ಬ್ಲಾಕಲ್ಲಿ ಟಿಕೆಟ್ ಮಾರುವವರ ಹತ್ತಿರ ಹೋಗಿ ರೇಟ್ ಕೇಳುತ್ತಿದ್ದರಂತೆ, ಕೊಳ್ಳಲು ಅಲ್ಲ. ಶುಕ್ರವಾರದ ರೇಟು ಸ್ಟಾರಿನ ರೇಟು, ಅದನ್ನು ನಂಬಬಾರದು. ಸೋಮವಾರವೂ ಬ್ಲಾಕ್ ನಡೆಯುತ್ತಿದ್ದರೆ ಸಿನಿಮಾ ನಿಜಕ್ಕೂ ಚೆನ್ನಾಗಿದೆ ಅಂತ. "ಅವನ ದುಡ್ಡು ಅದರಲ್ಲಿತ್ತು ನೋಡು, ಸುಳ್ಳು ಹೇಳೋಕಾಗಲ್ಲ" ಅನ್ನುವುದು ಅಪ್ಪನ ವಾದ. ಐದರಲ್ಲಿ ಮೂರೂವರೆ ಸ್ಟಾರ್ ಕೊಡುವ ಯಾವ ವಿಮರ್ಶಕನಿಗೂ ಈ ಯೋಗ್ಯತೆ ಇಲ್ಲ ಬಿಡಿ.

ನನ್ನ ಪೀಳಿಗೆಯ ಶುಭಾರಂಭ 'ಮುಂಗಾರು ಮಳೆ'. 2006ರ ಡಿಸೆಂಬರ್ 29ರಂದು ಬಂತು. ನಾಯಕ ಗಣೇಶ್ ಟಿವಿಯ ಕಾಮಿಡಿ ಕಾರ್ಯಕ್ರಮದಿಂದ ಬಂದ ಹುಡುಗ. ಮೊದಮೊದಲು ಜೋರೇನೂ ಇರಲಿಲ್ಲ. ಆಮೇಲೆ ಹಾಡು, ಎಸ್ಸೆಮ್ಮೆಸ್ಸು, 'ನೀನಿನ್ನೂ ನೋಡಿಲ್ವಾ?' ಎಂಬ ಅವಮಾನ ಎಲ್ಲ ಸೇರಿ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲೇ ಒಂದು ವರ್ಷಕ್ಕೂ ಹೆಚ್ಚು ಓಡಿತು. 2015ರ ಜುಲೈ 3ಕ್ಕೆ 'ರಂಗಿತರಂಗ' ಬಂದು ವಾರಕ್ಕೆ ಸರಿಯಾಗಿ 'ಬಾಹುಬಲಿ' ಬಂತು. ಶೋಗಳು ಕಡಿಮೆಯಾದಾಗ ನೋಡಿದವರೇ ಟ್ವಿಟರಿನಲ್ಲಿ ಗಲಾಟೆ ಎಬ್ಬಿಸಿದರು, ಸಿನಿಮಾ ಉಳಿಯಿತು. 2022ರ ಸೆಪ್ಟೆಂಬರ್ 30ಕ್ಕೆ 'ಕಾಂತಾರ' ಕನ್ನಡದಲ್ಲಷ್ಟೇ ತೆರೆಕಂಡಿತು. ಹಿಂದಿ ಡಬ್ಬಿಂಗ್ ಬಂದದ್ದು ಎರಡು ವಾರ ತಡವಾಗಿ, ಅಕ್ಟೋಬರ್ 14ಕ್ಕೆ. ಆ ಎರಡು ವಾರ ಬೇರೆ ಭಾಷೆಯವರ ಬಾಯಲ್ಲಿ ಓಡಾಡಿದ್ದು ನಮ್ಮ 'ಅಂತೆ'ಯೇ.

ಇವೆಲ್ಲ ಗೆದ್ದ ಕಥೆಗಳು. ನಾವು ಇವನ್ನೇ ಹೇಳಿಕೊಂಡು, ಒಳ್ಳೆ ಸಿನಿಮಾ ಹೇಗಾದರೂ ಗೆದ್ದೇ ಗೆಲ್ಲುತ್ತೆ ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ನನಗೆ ಅದು ಶುದ್ಧ ಸುಳ್ಳು ಅನ್ನಿಸುತ್ತದೆ, ಯಾಕೆಂದರೆ ಸೋತದ್ದೊಂದು ನನ್ನ ಕಣ್ಣೆದುರೇ ಇದೆ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಕಾಲೇಜಿನ ಗೆಳೆಯನೊಬ್ಬ ಒಂದು ಸಣ್ಣ ಕನ್ನಡ ಚಿತ್ರಕ್ಕೆ ಸಹಾಯಕ ಸಂಕಲನಕಾರನಾಗಿದ್ದ. ಶನಿವಾರ ರಾತ್ರಿ ಹತ್ತರ ಶೋಗೆ ಹೋದೆ. ಇಡೀ ಹಾಲಿನಲ್ಲಿ ಒಂಬತ್ತು ಜನ. ಗೆಳೆಯನ ಸಿನಿಮಾ ಅಂತ ಹೋದವನು, ಅದನ್ನು ಮರೆತು ಹೊರಗೆ ಬಂದೆ, ಅಷ್ಟು ಇಷ್ಟವಾಯಿತು. ಪಾರ್ಕಿಂಗಿನಲ್ಲೇ ನಿಂತು ಗ್ರೂಪಿಗೆ ಎರಡು ಸಾಲು ಟೈಪ್ ಮಾಡಿದೆ, ಅಳಿಸಿದೆ. ಎಲ್ಲರೂ ಹೋಗಿ ಬೇಜಾರಾದರೆ ನನ್ನ ಮಾನ ಏನು? 'ಇವನು ಹೇಳಿದ ಸಿನಿಮಾ' ಅಂತ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಬೇರೆ ಯಾರಾದರೂ ಚೆನ್ನಾಗಿದೆ ಅನ್ನಲಿ, ಆಮೇಲೆ ದನಿಗೂಡಿಸೋಣ ಅಂದುಕೊಂಡೆ. ಮಂಗಳವಾರ ಧೈರ್ಯ ಬಂತು, ಬರೆದೆ. ಒಬ್ಬಳು ಸಹೋದ್ಯೋಗಿ ತಕ್ಷಣ ಬುಕ್ ಮಾಡಲು ಆ್ಯಪ್ ತೆಗೆದಳು. ಬೆಂಗಳೂರಿನಲ್ಲಿ ಒಂದೂ ಶೋ ಉಳಿದಿರಲಿಲ್ಲ. "ಒಟಿಟಿಗೆ ಬಂದಾಗ ಹೇಳು" ಅಂದಳು. ಬರಲೇ ಇಲ್ಲ.

ಅಜ್ಜಿಯ ಕಾಲದಲ್ಲಿ ಡಬ್ಬ ಬರಲು ತಿಂಗಳುಗಳು ಬೇಕಿದ್ದವು, ಮಾತಿಗೆ ಓಡಾಡಲು ಪುರುಸೊತ್ತಿತ್ತು. ಈಗ ಮಾತು ಸೆಕೆಂಡಿನಲ್ಲಿ ತಲುಪುತ್ತದೆ, ಆದರೆ ಸಿನಿಮಾ ಸೋಮವಾರದವರೆಗೂ ನಿಲ್ಲುವುದಿಲ್ಲ. ಇದರ ಮಧ್ಯೆ ಕಾಸು ಕೊಟ್ಟು ಬರೆಸಿದ ಹೊಗಳಿಕೆ, ಕಾಸು ಕೊಟ್ಟು ಬರೆಸಿದ ಬೈಗುಳ ಎರಡೂ ಇವೆ ಅನ್ನುವ ಅನುಮಾನ. ಕೆಲವು ದೊಡ್ಡ ಕನ್ನಡ ಚಿತ್ರಗಳವರು ಕೋರ್ಟಿಗೆ ಹೋಗಿ, ಟಿಕೆಟ್ ಆ್ಯಪಿನಲ್ಲಿ ತಮ್ಮ ಚಿತ್ರದ ರೇಟಿಂಗ್ ಕಾಣದ ಹಾಗೆ ಆದೇಶ ತಂದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ದೊಡ್ಡವರಿಗೆ ಬೈಗುಳದ ಭಯ, ಸಣ್ಣವರಿಗೆ ಮೌನದ್ದು. ಮೌನಕ್ಕೆ ತಡೆಯಾಜ್ಞೆ ಯಾವ ಕೋರ್ಟೂ ಕೊಡುವುದಿಲ್ಲ.

ಗೆಳೆಯ ಈಗ ಒಂದು ಜಾಹೀರಾತು ಕಂಪನಿಯಲ್ಲಿದ್ದಾನೆ. ಆ ಸಿನಿಮಾದ ವಿಷಯ ಅವನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ನಾನು ಅದನ್ನು ನೋಡಿದ್ದೇನೆ ಅಂತಲಾದರೂ ಅವನಿಗೆ ಗೊತ್ತೋ ಇಲ್ಲವೋ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಯೂಟ್ಯೂಬಿನಲ್ಲಿ 'ಶರಪಂಜರ' ಹಾಕಿಕೊಡಲಾ ಅಂತ ಅಜ್ಜಿಯನ್ನು ಕೇಳಿದೆ. ಬೇಡ ಅಂದಳು. ಒಂದ್ಸಲ ನೋಡಿದ್ದು ಸಾಕು.

"ನೋಡಿ ಬಂದ ಮೇಲೆ ನೀನು ಅಕ್ಕಂಗೆ ಏನಂತ ಬರೆದೆ?"

"ಏನ್ ಬರೀಲಿ. ಸಿನಿಮಾ ನೋಡಿದೆ ಅಂತ ಬರೆದೆ. ಬೇಸಿಗೆ ರಜಕ್ಕೆ ಮಕ್ಕಳನ್ನ ಕರ್ಕೊಂಡು ಬಾ, ಇಬ್ಬರೂ ಸೇರಿ ಹಪ್ಪಳ ಹಾಕೋಣ ಅಂತ ಬರೆದೆ."

"ಬಂದ್ರಾ?"

"ಬಂದ್ಲು. ಒಂದು ತಿಂಗಳಿದ್ಲು. ಅವತ್ತು ಹಿಟ್ಟು ಅವಳೇ ಕಲಸಿದ್ದು, ಈಳಿಗೆ ಮಣೆ ಮುಂದೆ ಕೂತು ಸೌತೆಕಾಯಿ ಹೆಚ್ಚಿದ್ದೂ ಅವಳೇ. ನಿಮ್ಮಪ್ಪ ಅವಳ ತೊಡೆ ಮೇಲೆ ಮಲಗಿದ್ದ."