ತಾತಗುಣಿಯ ಪರಿಮಳದ ತೋಟ

ದಕ್ಷಿಣ ಬೆಂಗಳೂರಿನವರಾದ ನಮಗೆ ಚರಿತ್ರೆಯ ವಿಷಯದಲ್ಲಿ ಸ್ವಲ್ಪ ಸಂಕೋಚವುಂಟು. ಪೇಟೆಯವರಿಗೆ ಕೋಟೆಯಿದೆ, ದಂಡಿನವರಿಗೆ ಹಳೆಯ ಚರ್ಚುಗಳೂ ಪೆರೇಡು ಮೈದಾನವೂ ಇವೆ, ಬಸವನಗುಡಿಯವರಿಗೆ ದೊಡ್ಡ ಬಸವಣ್ಣನೂ ಕಡಲೇಕಾಯಿ ಪರಿಷೆಯೂ ಇವೆ. ಜಯನಗರದಿಂದ ಈಚೆಗೆ ಮನೆ ಕಟ್ಟಿಕೊಂಡ ನಾವು ಎಷ್ಟು ಹಿಂದೆ ಹೋದರೂ 1948ಕ್ಕೆ ನಿಂತುಬಿಡುತ್ತೇವೆ. ಆ ವರ್ಷ ರಾಜಾಜಿಯವರು ಬಂದು ಬಡಾವಣೆಗೆ ನಾಂದಿ ಹಾಡಿದರು. ಅದಕ್ಕೆ ಮುಂಚೆ ಏನಿತ್ತು ಎಂದು ಮಕ್ಕಳು ಕೇಳಿದರೆ, “ಹೊಲ ಇತ್ತಪ್ಪ” ಎಂದು ಹೇಳಿ ಮಾತು ಮುಗಿಸುತ್ತೇವೆ. ಹೊಲಕ್ಕೂ ಒಂದು ಚರಿತ್ರೆ ಇರಬಹುದೆಂದು ನಮಗೆ ತೋರುವುದೇ ಇಲ್ಲ. ಕನಕಪುರದ ರಸ್ತೆಯಲ್ಲಿರುವ ಒಂದು ತೋಟದ ಕಥೆಯನ್ನು ನಾನು ಇಲ್ಲಿ ಹೇಳಹೊರಟಿರುವುದು ಈ ಸಂಕೋಚವನ್ನು ಕೊಂಚ ಕಳೆಯುವುದಕ್ಕಾಗಿ.

ಬನಶಂಕರಿ ದೇವಸ್ಥಾನವನ್ನು ದಾಟಿ, ಕೋಣನಕುಂಟೆ, ತಲಘಟ್ಟಪುರಗಳನ್ನು ಹಿಂದೆ ಬಿಟ್ಟು ಹೋದರೆ ತಾತಗುಣಿ ಬರುತ್ತದೆ. 2021ರ ಜನವರಿಯಲ್ಲಿ ಮೆಟ್ರೋ ರೈಲು ತಲಘಟ್ಟಪುರದ ರೇಷ್ಮೆ ಸಂಸ್ಥೆಯವರೆಗೆ ಬಂತು. ತೋಟ ಅಲ್ಲಿಂದಲೂ ಮುಂದಿದೆ. ಬಿ.ಎಂ. ಕಾವಲು, ಮಾನವರ್ತೆ ಕಾವಲು ಎಂದು ಆ ನೆಲಕ್ಕೆ ದಾಖಲೆಯಲ್ಲಿ ಹೆಸರು. ಕಾವಲೆಂದರೆ ದನ ಮೇಯಲು ಬಿಟ್ಟ ಹುಲ್ಲುಗಾವಲು. ಈ ಕಾವಲುಗಳ ಸೀಮೆಯಲ್ಲಿ ಸುಮಾರು 470 ಎಕರೆಯನ್ನು ಹೊಂದಿ ಒಕ್ಕಲುತನ ಹೂಡಿದವರು ಒಬ್ಬ ರಷ್ಯನ್ ಚಿತ್ರಕಾರ ಮತ್ತು ಅವರ ಪತ್ನಿಯಾಗಿದ್ದ ಒಬ್ಬ ಚಿತ್ರನಟಿ: ಸ್ವೆತೋಸ್ಲಾವ್ ರೋರಿಕ್ ಮತ್ತು ದೇವಿಕಾ ರಾಣಿ.

ಇಬ್ಬರ ಹೆಸರೂ ನಮ್ಮ ಓದುಗರಿಗೆ ಹೊಸದಲ್ಲ. ರೋರಿಕರು 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದವರು. ತಂದೆ ನಿಕೊಲಸ್ ರೋರಿಕರು ಜಗತ್ತೆಲ್ಲ ಬಲ್ಲ ಕಲಾವಿದರು. ಸಂಸಾರ ಸಮೇತ ಏಷ್ಯಾ ಖಂಡವನ್ನು ಸುತ್ತಿ, 1928ರಲ್ಲಿ ಕುಲ್ಲು ಕಣಿವೆಯ ನಗ್ಗರಿನಲ್ಲಿ ನೆಲೆಸಿದರು. ದೇವಿಕಾ ರಾಣಿಯವರು 1908ರಲ್ಲಿ ವಾಲ್ಟೇರಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಓದಿ, ಹಿಮಾಂಶು ರಾಯ್ ಅವರೊಡನೆ 1934ರಲ್ಲಿ ಬಾಂಬೆ ಟಾಕೀಸನ್ನು ಕಟ್ಟಿದವರು. 1936ರ ‘ಅಛೂತ್ ಕನ್ಯಾ’ ಚಿತ್ರದ ನಾಯಿಕೆಯೆಂದರೆ ಹಳಬರಿಗೆ ಕೂಡಲೇ ನೆನಪಾಗುತ್ತಾರೆ. 1940ರಲ್ಲಿ ಪತಿ ತೀರಿಕೊಂಡ ಮೇಲೆ ಕೆಲವು ವರ್ಷ ಸ್ಟುಡಿಯೋವನ್ನು ನಡೆಸಿ, 1945ರಲ್ಲಿ ಸಿನಿಮಾಕ್ಕೆ ಕೈಮುಗಿದು ರೋರಿಕರನ್ನು ಮದುವೆಯಾದರು. ಆಗ ವಧುವಿಗೆ 37, ವರನಿಗೆ 40. ಎರಡು ಬಾಳುಗಳೂ ಆಗಲೇ ಹೆಸರು ಮಾಡಿ ಮುಗಿಸಿದ್ದವು ಎಂದು ಜನ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ದಂಪತಿಗಳು ಮೊದಲು ಇದ್ದದ್ದು ಕುಲ್ಲು ಕಣಿವೆಯಲ್ಲಿ. 1947ರ ಡಿಸೆಂಬರಿನಲ್ಲಿ ತಂದೆ ತೀರಿಕೊಂಡರು. ಮುಂದೆ ಮಗ ಸೊಸೆಯರು ದಕ್ಷಿಣಕ್ಕೆ ಹೊರಟು ಬೆಂಗಳೂರಿಗೆ ಬಂದರು. ಈ ಪ್ರಯಾಣದ ದೂರವನ್ನು ಅಳೆಯುವುದಕ್ಕೆ ಮೈಲಿಗಿಂತ ಋತುವೇ ಒಳ್ಳೆಯ ಅಳತೆ. ಕುಲ್ಲುವಿನಲ್ಲಿ ಶರತ್ಕಾಲವೆಂದರೆ ಸೇಬಿನ ಕೊಯ್ಲು ಮುಗಿದು ಬೆಟ್ಟದ ನೆತ್ತಿಗೆ ಹಿಮ ಕಾಣಿಸುವ ಕಾಲ. ಬಾಗಿಲು ಮುಚ್ಚಿಕೊಳ್ಳಲು ಸಿದ್ಧವಾಗಬೇಕಾದ ಕಾಲ. ನಮ್ಮಲ್ಲಿ ಅದೇ ಶರತ್ಕಾಲವು ಚಿತ್ತೆ ಸ್ವಾತಿ ಮಳೆಗಳ ಕಾಲ; ರಾಗಿ ತೆನೆ ಹಿರಿದು ತೂಗುವ ಕಾಲ; ಬಾಗಿಲು ತೆರೆದಿಟ್ಟು ಮುಗಿಲನ್ನು ನೋಡುವ ಕಾಲ. ಇನ್ನೊಂದು ಸ್ವಾರಸ್ಯವೂ ಇದೆ. ಮೈಸೂರಿನ ದಸರಾ ವಿಜಯದಶಮಿಯಂದು ಮುಗಿಯುತ್ತದೆ; ಕುಲ್ಲುವಿನ ದಸರಾ ಅದೇ ವಿಜಯದಶಮಿಯಂದು ಆರಂಭವಾಗುತ್ತದೆ. ಒಂದು ಕಡೆಯ ಹಬ್ಬ ಮುಗಿದಲ್ಲಿ ಇನ್ನೊಂದು ಕಡೆಯ ಹಬ್ಬ ಮೊದಲಾಗುವುದು ಈ ದಂಪತಿಗಳ ಬಾಳಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ತಮ್ಮ ಬಾಳಿನ ಶರತ್ಕಾಲವೆನ್ನಬಹುದಾದ ವಯಸ್ಸಿನಲ್ಲಿ ಅವರು ಹೊಸದಾಗಿ ನೆಲ ಹಿಡಿದರು.

ಆ ನೆಲದಲ್ಲಿ ರಾಗಿಯಲ್ಲ, ಲಿನಲೋ ಎಂಬ ಮರ ಬೆಳೆಯಿತು. ಇದು ಮೆಕ್ಸಿಕೋ ದೇಶದ ಮರ. ಕಳೆದ ಶತಮಾನದ ಮೊದಲ ಭಾಗದಲ್ಲಿ ನಮ್ಮ ಮೈಸೂರು ಸೀಮೆಗೆ ಬಂದು ಬೇರೂರಿತು. ಕೊಂಬೆಯನ್ನು ಕಡಿದು ನೆಟ್ಟರೆ ಚಿಗುರುತ್ತದೆ. ಹೆಚ್ಚು ನೀರು ಬೇಡುವುದಿಲ್ಲ. ತವರಿನಲ್ಲಿ ಈ ಮರವನ್ನು ಕಡಿದು ಅದರ ಚೆಕ್ಕೆಯಿಂದ ಎಣ್ಣೆ ತೆಗೆಯುತ್ತಿದ್ದರು. ನಮ್ಮಲ್ಲಿ ಮರಕ್ಕೆ ಕೊಡಲಿ ಹಾಕುವ ಪ್ರಮೇಯವಿಲ್ಲ. ಅದರ ಪುಟ್ಟ ಕಾಯಿಗಳನ್ನು ಕೊಯ್ದು, ಸಿಪ್ಪೆಯನ್ನು ಬೇರ್ಪಡಿಸಿ, ಹಬೆ ಹಾಯಿಸಿ ಭಟ್ಟಿ ಇಳಿಸುತ್ತಾರೆ. ಬರುವ ತೈಲಕ್ಕೆ ಲ್ಯಾವೆಂಡರ್ ಹೂವನ್ನು ಹೋಲುವ ಕಂಪು. ಅತ್ತರು, ಸೋಪುಗಳನ್ನು ಮಾಡುವವರಿಗೆ ಅದು ಬೇಕಾದ ಸರಕು. ಶ್ರೀಗಂಧದ ಸೀಮೆಯಲ್ಲಿ ಗಂಧದ ಎಣ್ಣೆಗಾಗಿ ಮರವನ್ನು ಬೇರುಸಹಿತ ಕೀಳಬೇಕು. ಲಿನಲೋ ಮಾತ್ರ ವರ್ಷವರ್ಷವೂ ಕಾಯಿ ಕೊಟ್ಟು ತಾನು ನಿಂತೇ ಇರುತ್ತದೆ. ಗೃಹಸ್ಥರಿಗೆ ಇದಕ್ಕಿಂತ ಒಪ್ಪುವ ಬೆಳೆ ಬೇರೆ ಯಾವುದಿದ್ದೀತು?

ಹೀಗೆ ತಾತಗುಣಿಯಲ್ಲಿ ಎರಡು ಕಸುಬುಗಳು ಒಂದೇ ಬೇಲಿಯೊಳಗೆ ನಡೆದುವು. ಒಂದು ಬಣ್ಣದ್ದು, ಇನ್ನೊಂದು ಎಣ್ಣೆಯದು. ರೋರಿಕರು ತೋಟದ ಸ್ಟುಡಿಯೋದಲ್ಲಿ ಕುಳಿತು ಚಿತ್ರ ಬರೆದರು. ಹಿಮಾಲಯದ ನೀಲಿಯ ಜೊತೆಗೆ ದಕ್ಷಿಣದ ಕೆಮ್ಮಣ್ಣೂ ದುಡಿಯುವ ಜನರೂ ಅವರ ಚಿತ್ರಗಳಿಗೆ ಬಂದರು. ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲಿನ ನೆಹರೂ ಭಾವಚಿತ್ರ ಅವರ ಕೈಯದು. 1960ರಲ್ಲಿ ಮಾಸ್ಕೋದಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಮರುವರ್ಷ ಪದ್ಮಭೂಷಣ ಬಂತು. ದೇವಿಕಾ ರಾಣಿಯವರಿಗೆ 1958ರಲ್ಲೇ ಪದ್ಮಶ್ರೀ ಬಂದಿತ್ತು. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಹುಟ್ಟಿದಾಗ ಅದನ್ನು ಮೊಟ್ಟಮೊದಲು ಪಡೆದವರು ಅವರೇ. ಬಿರುದುಗಳ ಈ ಪಟ್ಟಿಯನ್ನು ಪತ್ರಿಕೆಗಳು ಅಂದೂ ಬರೆದುವು, ಇಂದೂ ಬರೆಯುತ್ತವೆ. ಆದರೆ ಬಿರುದಿನಿಂದ ಒಲೆ ಉರಿಯುವುದಿಲ್ಲ. ಕಾಯಿ ಬಲಿಯಿತೇ, ಆಳುಗಳು ಬಂದರೇ, ಹಂಡೆಗೆ ಸೌದೆ ಇದೆಯೇ, ಮಳೆ ಹಿಡಿದುಕೊಂಡರೆ ಒಣಗಲು ಹಾಕಿದ್ದು ಏನಾದೀತು ಎಂಬ ಚಿಂತೆಗಳೇ ಯಾವ ತೋಟದಲ್ಲಾದರೂ ದಿನವನ್ನು ಬೆಳಗು ಮಾಡುವುವು, ಸಂಜೆ ಮಾಡುವುವು. ಕೀರ್ತಿವಂತರ ತೋಟವಾದರೂ ಮಳೆ ಅದಕ್ಕೆ ರಿಯಾಯಿತಿ ತೋರುವುದಿಲ್ಲ.

ಇನ್ನು ಈ ಕಥೆಯಲ್ಲಿ ನನಗೆ ಅತ್ಯಂತ ಮುಖ್ಯವೆಂದು ತೋರುವ ಸಂಗತಿಗೆ ಬರುತ್ತೇನೆ. 1961ರ ಭೂಸುಧಾರಣಾ ಶಾಸನವು 1974ರ ತಿದ್ದುಪಡಿಯೊಡನೆ ನಮ್ಮ ರಾಜ್ಯದ ದೊಡ್ಡ ದೊಡ್ಡ ಹಿಡುವಳಿಗಳನ್ನು ಕರಗಿಸಿತು. ಉಳುವವನೇ ಹೊಲದೊಡೆಯನೆಂಬ ಆ ಕಾಲದಲ್ಲಿ 470 ಎಕರೆಯ ತೋಟ ಉಳಿದದ್ದು ಹೇಗೆ? ಒಡೆಯರ ಕೀರ್ತಿಯಿಂದಲ್ಲ. ಲಿನಲೋ ಬೆಳೆಯುವ ಭೂಮಿಗೆ ಆ ಶಾಸನದಲ್ಲಿ ವಿನಾಯಿತಿ ಇತ್ತು. ಚಿತ್ರಗಳಾಗಲಿ ಪದ್ಮ ಪ್ರಶಸ್ತಿಗಳಾಗಲಿ ಒಂದು ಗುಂಟೆಯನ್ನೂ ಕಾಯಲಾರವು. ಕಾಯ್ದದ್ದು ಮೆಕ್ಸಿಕೋದಿಂದ ಬಂದ ಮರದ ಕಾಯಿ. ಕಸುಬು ನಡೆಯುತ್ತಿದ್ದಷ್ಟು ಕಾಲ ನೆಲ ಅವರದಾಗಿತ್ತು.

ಮಕ್ಕಳಿಲ್ಲದ ದಂಪತಿಗಳು ಮುಪ್ಪಾದರು. ಕೊನೆಯ ದಿನಗಳಲ್ಲಿ ತೋಟವನ್ನು ಬಿಟ್ಟು ನಗರದ ಅಶೋಕ ಹೋಟೆಲಿನಲ್ಲಿ ಇದ್ದರು. 1993ರ ಜನವರಿ 30ರಂದು ರೋರಿಕರು ತೀರಿಕೊಂಡರು. ಮರುವರ್ಷ ಮಾರ್ಚ್ 8ರಂದು ಸರ್ಕಾರವು ಲಿನಲೋ ಭೂಮಿಗಿದ್ದ ವಿನಾಯಿತಿಯನ್ನು ಹಿಂತೆಗೆದುಕೊಂಡಿತು. ಮಾರ್ಚ್ 9ರಂದು ದೇವಿಕಾ ರಾಣಿಯವರು ತೀರಿಕೊಂಡರು. ಒಂದು ಸಂಸಾರವನ್ನೂ ಅದರ ಬೆಳೆಗಿದ್ದ ರಕ್ಷಣೆಯನ್ನೂ ಒಂದೇ ದಿನದ ಅಂತರದಲ್ಲಿ ಕಳೆದುಕೊಂಡ ಭೂಮಿ ನಮ್ಮ ನಾಡಿನಲ್ಲಿ ಇನ್ನೊಂದಿರಲಾರದು.

ಆಮೇಲಿನದು ವ್ಯಾಜ್ಯದ ಚರಿತ್ರೆ. ವೃದ್ಧಾಪ್ಯದಲ್ಲಿ ನಡೆದ ಮಾರಾಟದ ಪತ್ರಗಳ ಮೇಲೆ ಜಗಳವೆದ್ದಿತು. 1996ರಲ್ಲಿ ವಿಧಾನಮಂಡಲವು ಈ ಒಂದು ತೋಟಕ್ಕಾಗಿಯೇ ಪ್ರತ್ಯೇಕ ಶಾಸನ ಮಾಡಿ, ಮರಗಳನ್ನೂ ಚಿತ್ರಗಳನ್ನೂ ಕಲಾವಸ್ತುಗಳನ್ನೂ ಉಳಿಸಬೇಕೆಂದು ಅದನ್ನು ಸರ್ಕಾರದ ವಶಕ್ಕೆ ತಂದಿತು. ವ್ಯಾಜ್ಯ ದೆಹಲಿಗೆ ಹೋಯಿತು. 2011ರ ಆಗಸ್ಟ್ 9ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಶಾಸನವನ್ನು ಎತ್ತಿಹಿಡಿಯಿತು. ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿ ಉಳಿಯದಿದ್ದರೂ ಸಂವಿಧಾನದ ಹಕ್ಕಾಗಿ ಉಳಿದಿದೆ. ಶಾಸನದ ಬಲವೂ ಸಾರ್ವಜನಿಕ ಉದ್ದೇಶವೂ ಇಲ್ಲದೆ ಯಾರ ನೆಲವನ್ನೂ ಕಸಿಯುವಂತಿಲ್ಲ ಎಂದು ಅಲ್ಲಿ ವಿವರಿಸಲಾಗಿದೆ. ಕಾನೂನು ಓದುವ ಹುಡುಗರು ಇಂದು ಆ ತೀರ್ಪನ್ನು ಬಾಯಿಪಾಠ ಮಾಡುತ್ತಾರೆ. ಬಡಾವಣೆಗಳೇ ಭೂಸ್ವಾಧೀನದಿಂದ ಹುಟ್ಟಿದ ನಮ್ಮ ದಕ್ಷಿಣ ಬೆಂಗಳೂರಿಗೆ ಇದು ಪಕ್ಕದ ಮನೆಯ ಮಾತು.

ಒಂದು ಲೆಕ್ಕ ಹಾಕಿ ನೋಡೋಣ. ಅರವತ್ತಕ್ಕೆ ನಲವತ್ತರ ನಿವೇಶನವೆಂದರೆ 2,400 ಚದರಡಿ. ರಸ್ತೆ, ಪಾರ್ಕುಗಳಿಗೆ ಏನೂ ಬಿಡದೆ ಅಳೆದರೆ ತಾತಗುಣಿಯ 470 ಎಕರೆಯಲ್ಲಿ ಎಂಟೂವರೆ ಸಾವಿರ ನಿವೇಶನಗಳಾಗುತ್ತವೆ. ಮಧ್ಯಮ ವರ್ಗದ ನಮ್ಮ ಕಣ್ಣು ಎಂತಹ ನೆಲವನ್ನು ಕಂಡರೂ ಈ ಲೆಕ್ಕವನ್ನು ಹಾಕದೆ ಬಿಡದು. ಸುತ್ತಲ ಹಳ್ಳಿಗಳೆಲ್ಲ ಈ ಲೆಕ್ಕಕ್ಕೆ ಕರಗಿದುವು. ಬನ್ನೇರುಘಟ್ಟದ ಕಾಡಿನ ಆನೆಗಳು ಬಂದುಹೋಗುವ ಸೀಮೆಯಲ್ಲಿ ಒಂದು ಹಸುರು ಇನ್ನೂ ಉಳಿದಿದೆಯೆಂದರೆ ಅದರ ಹಿಂದೆ ಶಾಸನಕ್ಕಿಂತ ಹಳೆಯದಾದ ಒಂದು ಸಂಸಾರದ ದುಡಿಮೆಯಿದೆ.

ಕುಮಾರ ಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕರ ಚಿತ್ರಗಳಿಗೆ ಗ್ಯಾಲರಿಯೊಂದಿದೆ. ಅಲ್ಲಿ ನಿಂತಾಗಲೆಲ್ಲ ನನಗೆ ಒಂದು ಮಾತು ಹೊಳೆಯುತ್ತದೆ. ಚಿತ್ರವನ್ನು ಗೋಡೆಗೆ ತೂಗುಹಾಕಿದರೆ ಉಳಿಯಿತು. ತೋಟವನ್ನು ಹಾಗೆ ಉಳಿಸಲು ಬಾರದು. ಮರಕ್ಕೆ ಪ್ರತಿವರ್ಷವೂ ಕೆಲಸ ಬೇಕು: ಕೊಂಬೆ ನೆಡುವವರು ಬೇಕು, ಕಾಯಿ ಕೊಯ್ಯುವವರು ಬೇಕು, ಹಂಡೆಯ ಕೆಳಗೆ ಬೆಂಕಿ ಮಾಡುವವರು ಬೇಕು. ತಾತಗುಣಿಯಲ್ಲಿ ದಂಪತಿಗಳ ಸಮಾಧಿಗಳಿವೆ. ಅವುಗಳ ಸುತ್ತ ಒಂದು ವಸ್ತುಸಂಗ್ರಹಾಲಯ ಇರಲಿ, ಬಹಳ ಸಂತೋಷ. ಆದರೆ ಅದರ ಪಕ್ಕದಲ್ಲೇ ಲಿನಲೋ ಎಣ್ಣೆಯ ಭಟ್ಟಿಯೊಂದು ಹೊಗೆಯಾಡುತ್ತಿರಲಿ. ಶಾಲೆಯ ಮಕ್ಕಳು ಶರತ್ಕಾಲದ ಒಂದು ದಿನ ಅಲ್ಲಿಗೆ ಹೋಗಿ, ಎಲೆಯೊಂದನ್ನು ಕೈಯಲ್ಲಿ ಹೊಸಕಿ ಮೂಸಿ ನೋಡಲಿ. ಇಲ್ಲಿ ಮೊದಲು ಏನಿತ್ತು ಎಂಬ ಪ್ರಶ್ನೆಗೆ “ಹೊಲ ಇತ್ತಪ್ಪ” ಎನ್ನುವುದಕ್ಕಿಂತ ಅದು ವಾಸಿಯಾದ ಉತ್ತರ.