ಲೇಖನಿಯ ಮೊನೆ ಮತ್ತು ಕಾಲನಿರ್ಣಯ: ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಕಾಗದಪತ್ರಗಳ ವಿಚಾರ

ಶಿಲಾಶಾಸನದಲ್ಲಿ ಶಕವರ್ಷವು ಅಳಿಸಿಹೋಗಿದ್ದರೆ ಅಕ್ಷರಗಳ ಆಕಾರದಿಂದ ಅದರ ಕಾಲವನ್ನು ಗೊತ್ತುಪಡಿಸುವ ಪದ್ಧತಿಯು ಸಂಶೋಧಕರಿಗೆ ಚಿರಪರಿಚಿತವಾಗಿದೆ. ಆದರೆ ಕಾಗದದ ಮೇಲಿನ ಬರಹದ ವಿಷಯದಲ್ಲಿ ಇಂಥ ಪರೀಕ್ಷೆಯು ಕನ್ನಡ ನಾಡಿನಲ್ಲಿ ಸಾಕಷ್ಟು ಬಳಕೆಗೆ ಬಂದಿಲ್ಲ. ಕಳೆದ ಎರಡು ಮೂರು ಶತಮಾನಗಳ ಇತಿಹಾಸಕ್ಕೆ ಸನದು, ಕೈಫಿಯತ್ತು, ಲಾವಣಿ ಪತ್ರಿಕೆ, ಲೆಕ್ಕದ ಕಿರ್ದಿಗಳೇ ಮುಖ್ಯ ಆಧಾರಗಳು. ಅವುಗಳಲ್ಲಿ ಅನೇಕಕ್ಕೆ ತೇದಿಯಿಲ್ಲ. ತೇದಿಯಿದ್ದವುಗಳೆಲ್ಲವೂ ಆ ತೇದಿಯಂದೇ ಹುಟ್ಟಿದವುಗಳೆಂದು ನಂಬಲಿಕ್ಕೂ ಬಾರದು. ಇಂಥಲ್ಲಿ ಪತ್ರವನ್ನು ಬರೆದ ಲೇಖನಿಯ ಮೊನೆಯೇ ಒಂದು ಸಾಕ್ಷಿಯಾಗಬಲ್ಲದು. ಲಾಳದ ಕಡ್ಡಿ, ಉಕ್ಕಿನ ಟಾಕು, ಬಂಗಾರದ ನಿಬ್ಬು, ಇಂದಿನ ಗಡಸು ನಿಬ್ಬು ಇವು ಕಾಗದದ ಮೇಲೆ ಬಿಡುವ ಗುರುತುಗಳು ಬೇರೆ ಬೇರೆ. ಅವುಗಳನ್ನು ವಿಂಗಡಿಸಿ, ಧಾರವಾಡ ಜಿಲ್ಹೆಯ ದಕ್ಷಿಣದ ತಾಲೂಕುಗಳಾಗಿದ್ದು ೧೯೯೭ರಿಂದ ಹಾವೇರಿ ಜಿಲ್ಹೆಗೆ ಸೇರಿದ ಈ ನಾಲ್ಕು ಸೀಮೆಗಳ ಪತ್ರಗಳಿಗೆ ಅನ್ವಯಿಸುವದು ಪ್ರಕೃತ ಲೇಖನದ ಉದ್ದೇಶವಾಗಿದೆ.

೧. ಸೀಮೆಯೂ ಅದರ ಮೂರು ಬರಹಗಳೂ

ಈ ಭೂಭಾಗವು ಬರವಣಿಗೆಗೆ ಹೊಸದಲ್ಲ. ಗುಣಭದ್ರಾಚಾರ್ಯರ ಉತ್ತರಪುರಾಣವು ಕ್ರಿ. ಶ. ೮೯೮ರಲ್ಲಿ, ಲೋಕಾದಿತ್ಯನು ಬಂಕಾಪುರದಲ್ಲಿ ಆಳುತ್ತಿದ್ದಾಗ ಪೂಜೆಗೊಂಡಿತೆಂದು ಆ ಗ್ರಂಥದ ಪ್ರಶಸ್ತಿಯಿಂದಲೇ ತಿಳಿಯುವದು. ಆ ಬಂಕಾಪುರವು ಈಗ ಶಿಗ್ಗಾವಿ ತಾಲೂಕಿನಲ್ಲಿದೆ. ಪಾನುಂಗಲ್ಲೆಂದು ಶಾಸನಗಳಲ್ಲಿ ಕಾಣುವ ಹಾನಗಲ್ಲವು ಕದಂಬರ ಒಂದು ಶಾಖೆಯ ರಾಜಧಾನಿಯಾಗಿತ್ತು. ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ ಶಾಸನವಿರುವ ಅಬಲೂರು ಹಿರೇಕೆರೂರು ತಾಲೂಕಿನದು.

ಕಾಗದಪತ್ರಗಳ ಕಾಲಕ್ಕೆ ಬಂದರೆ ಇಲ್ಲಿ ಮೂರು ಬರಹಗಳು ಒಂದರ ಮಗ್ಗುಲಲ್ಲಿ ಒಂದು ನಡೆದವು. ೧೬೮೬ರಲ್ಲಿ ವಿಜಾಪುರವು ಮೊಗಲರ ವಶವಾದ ತರುವಾಯ ಈ ಸೀಮೆಯಲ್ಲಿ ಸವಣೂರಿನ ನವಾಬರು ಪ್ರಬಲರಾದರು. ಅವರ ದರಬಾರಿನ ಬರಹವು ಫಾರಸಿ. ೧೭೫೬ರಲ್ಲಿ ಪೇಶವೆ ಬಾಳಾಜಿ ಬಾಜೀರಾಯನು ಸವಣೂರಿಗೆ ಮುತ್ತಿಗೆ ಹಾಕಿದನು. ಮರಾಠರ ಅಧಿಕಾರದೊಡನೆ ಕುಲಕರ್ಣಿಗಳ ದಫ್ತರಗಳಲ್ಲಿ ಮೋಡಿಯು ನೆಲೆಗೊಂಡಿತು. ಮಠಗಳಲ್ಲಿಯೂ ಮನೆಗಳಲ್ಲಿಯೂ ಕನ್ನಡವು ನಡೆದೇ ಇತ್ತು. ಸವಣೂರಿನಲ್ಲಿ ೧೭೮೩ರಲ್ಲಿ ವೃಂದಾವನಸ್ಥರಾದ ಉತ್ತರಾದಿಮಠದ ಸತ್ಯಬೋಧತೀರ್ಥರಂಥವರ ಸನ್ನಿಧಿಯಿಂದ ನಾಗರಿಯ ಸಂಸ್ಕೃತ ಗ್ರಂಥಗಳೂ ಇದಕ್ಕೆ ಕೂಡಿದವು.

ಇನ್ನೊಂದು ಸಂಗತಿಯನ್ನು ದಫ್ತರ ನೋಡುವವರು ಮರೆಯಬಾರದು. ಇಂಗ್ಲಿಷರ ಆಳಿಕೆಯ ಪತ್ರಗಳಲ್ಲಿ ಹಿರೇಕೆರೂರಿನ ಹಳ್ಳಿಗಳು ‘ಕೋಡ’ ತಾಲೂಕಿನ ಹೆಸರಿನಲ್ಲಿಯೂ, ಶಿಗ್ಗಾವಿಯ ಹಳ್ಳಿಗಳು ‘ಬಂಕಾಪುರ’ ತಾಲೂಕಿನ ಹೆಸರಿನಲ್ಲಿಯೂ ದೊರೆಯುತ್ತವೆ. ಸವಣೂರು ೧೯೪೮ರ ವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಅದರ ಪತ್ರಗಳನ್ನು ಜಿಲ್ಹೆಯ ಪತ್ರಗಳಲ್ಲಿ ಮಾತ್ರ ಹುಡುಕಿದರೆ ಸಾಲದು.

೨. ಕಂಠ, ಬಳಪ, ಲೆಕ್ಕಣಿಕೆ

ಓಲೆಗರಿಯ ಮೇಲೆ ಬರೆಯುವ ಕಂಠವು ಕಬ್ಬಿಣದ ಮೊನೆ. ಅದು ಮಸಿಯನ್ನು ಹಚ್ಚುವದಿಲ್ಲ, ಗರಿಯನ್ನು ಗೀರುತ್ತದೆ. ಆ ಮೇಲೆ ಕಾಡಿಗೆಯನ್ನು ತಿಕ್ಕಿದಾಗ ಅಕ್ಷರವು ಕಾಣುತ್ತದೆ. ಗರಿಯ ನಾರಿನ ಗುಂಟ ನೆಟ್ಟಗೆ ಎಳೆದ ಗೀಟಿನಿಂದ ಗರಿಯು ಸೀಳುವ ಭಯವಿರುವದರಿಂದ ದುಂಡಗಿನ ಗೆರೆಯು ಈ ಸಾಧನಕ್ಕೆ ಒಗ್ಗುತ್ತದೆ. ಕನ್ನಡ ಅಕ್ಷರದ ದುಂಡುತನಕ್ಕೆ ಇದು ಪೋಷಕವಾಯಿತೆಂದು ಹೇಳುವದು ವಾಡಿಕೆ. ಇಲ್ಲಿ ಮುಖ್ಯವಾದ ಮಾತೆಂದರೆ, ಕಂಠದ ಗೆರೆಗೆ ದಪ್ಪ ತೆಳುವೆಂಬ ಭೇದವಿಲ್ಲ. ಅದು ಎಲ್ಲ ಕಡೆಗೂ ಒಂದೇ ಅಗಲವಾಗಿ ಸಾಗುತ್ತದೆ.

ಲೆಕ್ಕಕ್ಕಾಗಿ ಕಡತವಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಬಲಿಯನ್ನೂ ಇದ್ದಲಿಯ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಒರಸಿ ಮತ್ತೆ ಬರೆಯಲಿಕ್ಕೆ ಬರುತ್ತಿದ್ದ ಕಾರಣ ಇದು ವ್ಯಾಪಾರಿಗಳಿಗೆ ಅನುಕೂಲವಾಗಿತ್ತು. ಆದರೆ ಅದೇ ಕಾರಣದಿಂದ ಕಡತದಲ್ಲಿಯ ಒಂದು ಸಾಲು ಎಂದಿನದೆಂದು ನಿಶ್ಚಯಿಸುವದು ಕಠಿಣ.

ಕಾಗದಕ್ಕೆ ಬಂದದ್ದು ಲಾಳದ ಕಡ್ಡಿಯ ಲೆಕ್ಕಣಿಕೆ. ಅದರ ತುದಿಯನ್ನು ಓರೆಯಾಗಿ ಕತ್ತರಿಸಿ ನಡುವೆ ಸೀಳುತ್ತಿದ್ದರು. ಅಗಲವಾದ ಆ ತುದಿಯು ಒಂದು ದಿಕ್ಕಿಗೆ ಹೊರಳಿದಾಗ ದಪ್ಪ ಗೆರೆಯನ್ನೂ, ಇನ್ನೊಂದು ದಿಕ್ಕಿಗೆ ಹೊರಳಿದಾಗ ಎಳೆಯಂಥ ಗೆರೆಯನ್ನೂ ಕೊಡುತ್ತದೆ. ಈ ಭೇದವು ಕೈಯ ಒತ್ತಿನಿಂದ ಬಂದುದಲ್ಲ, ತುದಿಯ ಕೋನದಿಂದ ಬಂದುದು. ಫಾರಸಿಯ ಸೊಬಗೆಲ್ಲ ಇದರಲ್ಲಿಯೇ ಇದೆ. ಮೇಲೆ ಉದ್ದ ಗೀಟೆಳೆದು ಅದರ ಕೆಳಗೆ ಕೈಯೆತ್ತದೆ ಬರೆದುಕೊಂಡು ಹೋಗುವ ಮೋಡಿಯೂ ಇದೇ ಕಡ್ಡಿಯ ಕೂಸು. ಮಸಿಯು ಕಾಡಿಗೆಗೆ ಅಂಟು ಕೂಡಿಸಿ ಅರೆದದ್ದು. ಅದು ಕಾಗದದ ಮೇಲೆ ಕೂತಿರುತ್ತದೆ, ನೀರು ತಗಲಿದರೆ ಕದಡುತ್ತದೆ, ಆದರೆ ಬಿಸಿಲಿಗೆ ಮಾಸುವದಿಲ್ಲ.

೩. ಉಕ್ಕಿನ ಟಾಕು

ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ೧೮೨೦ರ ದಶಕದಿಂದ ಉಕ್ಕಿನ ನಿಬ್ಬುಗಳು ಯಂತ್ರದಿಂದ ರಾಶಿ ರಾಶಿಯಾಗಿ ಹುಟ್ಟತೊಡಗಿದವು. ಜೋಸಫ್ ಗಿಲಟ್, ಜೋಸಾಯಾ ಮೇಸನ್ ಮೊದಲಾದವರು ಈ ಉದ್ಯೋಗದಲ್ಲಿ ಪ್ರಸಿದ್ಧರಾದರು. ೧೮೧೮ರಲ್ಲಿ ಪೇಶವೆಯರ ಆಳಿಕೆಯು ಮುಗಿದು ಇಂಗ್ಲಿಷರ ಕಚೇರಿಗಳು ಈ ಭಾಗದಲ್ಲಿ ನೆಲೆಗೊಂಡಿದ್ದವು. ಕಚೇರಿ ಮತ್ತು ಶಾಲೆಗಳ ಮೂಲಕ ಕಟ್ಟಿಗೆಯ ಹಿಡಿಕೆಗೆ ಸಿಕ್ಕಿಸಿದ ಟಾಕೂ ದೌತಿಯೂ ಹಳ್ಳಿಗಳಿಗೆ ಬಂದವು.

ಟಾಕಿನ ಮೊನೆಯು ಚೂಪು; ಅದರ ನಡುವೆ ಸೀಳಿರುತ್ತದೆ. ಕೆಳಮುಖವಾಗಿ ಒತ್ತಿದಾಗ ಎರಡು ಹಲ್ಲುಗಳೂ ಅಗಲಿ ಗೆರೆಯು ದಪ್ಪವಾಗುತ್ತದೆ. ಮೇಲ್ಮುಖವಾಗಿ ಎಳೆದಾಗ ಕೂಡಿಕೊಂಡು ತೆಳುವಾಗುತ್ತದೆ. ಎಂದರೆ ದಪ್ಪ ತೆಳುವು ಕೋನವನ್ನು ಬಿಟ್ಟು ಒತ್ತನ್ನು ಅನುಸರಿಸಿತು. ಹೀಗೆ ಅಗಲಿದ ಎರಡು ಹಲ್ಲುಗಳೂ ಕಾಗದವನ್ನು ಕೆರೆಯುವದರಿಂದ ದಪ್ಪ ಗೆರೆಯ ಎರಡೂ ಅಂಚಿಗೆ ಸಣ್ಣ ಕಾಲುವೆಗಳುಂಟಾಗಿ ಅಲ್ಲಿ ಮಸಿಯು ಹೆಚ್ಚಾಗಿ ಇಂಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಈ ಜೋಡಿಗೆರೆಯು ಗಾಡಿಯ ಚಕ್ಕಡಿಹಾದಿಯಂತೆ ಕಾಣುವದು. ಮೆತ್ತಗಿನ ಕಡ್ಡಿಯಿಂದ ಇಂಥ ಗುರುತು ಹುಟ್ಟುವದಿಲ್ಲ.

ಈ ಸಾಕ್ಷಿಯ ಬೆಲೆಯು ಎಷ್ಟೆಂಬದನ್ನು ಇನಾಮ ಚೌಕಶಿಯ ಇತಿಹಾಸವು ತೋರಿಸುತ್ತದೆ. ೧೮೫೨ರ ೧೧ನೆಯ ಕಾಯಿದೆಯ ಮೇರೆಗೆ ಇನಾಮ ಕಮಿಶನ್ನಿನವರು ಇನಾಮದಾರರ ಹಕ್ಕುಗಳನ್ನು ಪರೀಕ್ಷಿಸಿದಾಗ ಹಳೆಯ ಸನದಿನ ಮೇಲೆ ಮನೆತನದ ಭೂಮಿಯೇ ನಿಂತಿತ್ತು. ಸನದನ್ನು ಕಳೆದುಕೊಂಡವನಿಗೆ ಹೊಸದೊಂದನ್ನು ಹುಟ್ಟಿಸುವ ಆಸೆಯಾಗುವದು ಸಹಜ. ಉದಾಹರಣೆಗೆ, ಶಕ ೧೬೯೦ ಎಂದರೆ ಕ್ರಿ. ಶ. ೧೭೬೮ರ ತೇದಿಯುಳ್ಳ ಮೋಡಿ ಪತ್ರವೊಂದರಲ್ಲಿ ಉಕ್ಕಿನ ಟಾಕಿನ ಜೋಡಿಗೆರೆಯು ಕಂಡರೆ, ಆ ಕಾಗದವನ್ನು ಆ ವರ್ಷದಲ್ಲಿ ಬರೆದದ್ದಲ್ಲವೆಂದು ಖಂಡಿತವಾಗಿ ಹೇಳಬಹುದು. ಆದರೆ ಅದು ಖೊಟ್ಟಿಯೆಂದು ಅಷ್ಟರಿಂದಲೇ ಹೇಳಲಾಗದು. ಪ್ರಾಮಾಣಿಕವಾಗಿ ಮಾಡಿದ ನಕಲೂ ಆಗಿರಬಹುದು.

೪. ಫೌಂಟನ್ ಪೆನ್ನು: ಹಳೆಯದೂ ಹೊಸದೂ

ಟಾಕನ್ನು ಕೆಲವು ಶಬ್ದಗಳಿಗೊಮ್ಮೆ ದೌತಿಯಲ್ಲಿ ಅದ್ದಬೇಕು. ಹೊಟ್ಟೆಯಲ್ಲಿಯೇ ಮಸಿಯನ್ನಿಟ್ಟುಕೊಳ್ಳುವ ಲೇಖನಿಗಾಗಿ ಪ್ರಯತ್ನಗಳು ಬಹು ದಿನ ನಡೆದವು. ರುಮೇನಿಯದ ಪೆತ್ರಾಕೆ ಪೊಯನಾರು ೧೮೨೭ರಲ್ಲಿಯೇ ಪ್ಯಾರಿಸಿನಲ್ಲಿ ಒಂದಕ್ಕೆ ಹಕ್ಕು ಪಡೆದಿದ್ದನು. ತೊಡಕೆಂದರೆ, ಮಸಿಯು ಹೊರಗೆ ಬಂದಷ್ಟು ಗಾಳಿಯು ಒಳಗೆ ಹೋಗದಿದ್ದರೆ ಹರಿವು ನಿಲ್ಲುತ್ತದೆ. ಹೆಚ್ಚು ಹೋದರೆ ಮಸಿಯು ಕಾಗದದ ಮೇಲೆ ಸುರಿಯುತ್ತದೆ. ಅಮೇರಿಕೆಯ ಲೂಯಿಸ್ ವಾಟರ್‌ಮನ್ನನು ೧೮೮೪ರಲ್ಲಿ ಹಕ್ಕು ಪಡೆದ ಲೇಖನಿಯಲ್ಲಿ ನಿಬ್ಬಿನ ಕೆಳಗಿನ ನಾಲಿಗೆಗೆ ಸೂಕ್ಷ್ಮ ಸೀಳುಗಳನ್ನು ಕೊರೆದು ಈ ಎರಡೂ ಹರಿವುಗಳನ್ನು ಸಮತೂಕಕ್ಕೆ ತಂದನು. ಮುಂದೆ ಮಸಿ ತುಂಬುವ ಬಗೆಗಳು ಬದಲಾದವು: ಮೊದಲು ಹನಿಗೊಳವೆ, ೧೯೧೨ರ ಸುಮಾರಿಗೆ ಶೇಫರನ ಸನ್ನೆ, ೧೯೨೯ರಲ್ಲಿ ಪೆಲಿಕನ್ನಿನ ಕೊಂತ.

ಹಳೆಯ ಉತ್ತಮ ಪೆನ್ನುಗಳ ನಿಬ್ಬು ಬಹುಧಾ ೧೪ ಕ್ಯಾರಟ್ಟಿನ ಬಂಗಾರದ್ದು, ಎಂದರೆ ೨೪ರಲ್ಲಿ ೧೪ ಭಾಗ ಚೊಕ್ಕ ಬಂಗಾರ. ಇದು ಬರಿಯ ಬೆಡಗಲ್ಲ. ಆ ಕಾಲದ ನೀಲಿಗಪ್ಪು ಮಸಿಯಲ್ಲಿ ಕಬ್ಬಿಣದ ಲವಣವೂ ಆಮ್ಲವೂ ಇದ್ದು ಉಕ್ಕನ್ನು ಅವು ತಿನ್ನುತ್ತಿದ್ದವು. ಬಂಗಾರವು ಅದಕ್ಕೆ ಜಗ್ಗುತ್ತಿರಲಿಲ್ಲ. ಬಂಗಾರವು ಮೃದುವಾದದ್ದರಿಂದ ತುದಿಗೆ ಆಸ್ಮಿಯಮ್ ಇರಿಡಿಯಮ್ಮುಗಳ ಗಡಸು ಕಣವನ್ನು ಬೆಸೆಯುತ್ತಿದ್ದರು. ಇಂಥ ನಿಬ್ಬುಗಳಲ್ಲಿ ಅನೇಕವು ಟಾಕಿನಂತೆಯೇ ಬಾಗಿ ಹಲ್ಲುಗಳನ್ನು ಅಗಲಿಸುತ್ತಿದ್ದವು. ಏಕೆಂದರೆ ಬರೆಯುವವರ ಕೈಯು ಟಾಕಿನಲ್ಲಿ ಪಳಗಿದ್ದು, ಹೊಸ ಲೇಖನಿಯೂ ಹಳೆಯ ಗೆರೆಯನ್ನೇ ಕೊಡಬೇಕಾಗಿತ್ತು.

ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ನಿಬ್ಬು ಗಡಸಾಯಿತು. ಕಾರ್ಬನ್ ಕಾಗದದ ಕೆಳಗೆ ಪ್ರತಿಯೇಳಬೇಕಾದರೆ ಬಾಗದ ನಿಬ್ಬು ಬೇಕು. ಬೇಗನೆ ಬರೆಯುವವನಿಗೆ ಬಾಗುವ ನಿಬ್ಬು ತೊಡಕು. ಅನೇಕರ ಕೈಯಲ್ಲಿ ಬಾಳಬೇಕಾದರೆ ಮೊನೆಯು ಗಟ್ಟಿಯಾಗಿರಬೇಕು. ಎರಡನೆಯ ಮಹಾಯುದ್ಧದ ಸುಮಾರಿಗೆ ಜರ್ಮನಿಯಲ್ಲಿ ಬಂಗಾರಕ್ಕೆ ನಿರ್ಬಂಧವುಂಟಾಗಿ ಉಕ್ಕು ಮತ್ತೆ ತಲೆಯೆತ್ತಿತು. ೧೯೪೧ರಲ್ಲಿ ಹೊರಟ ‘ಪಾರ್ಕರ್ ೫೧’ರಲ್ಲಿಯಂತೂ ನಿಬ್ಬು ಮುಸುಕಿನೊಳಗೆ ಅಡಗಿ ತುದಿಯಷ್ಟೇ ಹೊರಗುಳಿಯಿತು. ಇಂದಿನ ಪೆನ್ನುಗಳಲ್ಲಿ ಬಹುಭಾಗ ತುಕ್ಕು ಹಿಡಿಯದ ಉಕ್ಕಿನ ಗಡಸು ನಿಬ್ಬು, ಉರುಟಾದ ದೊಡ್ಡ ತುದಿ. ಅದು ನುಣ್ಣಗೆ ಸಾಗುತ್ತದೆ. ಯಾವ ದಿಕ್ಕಿಗೂ ಒಂದೇ ಅಗಲದ ಗೆರೆಯನ್ನು ಕೊಡುತ್ತದೆ.

ಭಾರತದಲ್ಲಿ ೧೯೩೨ರಲ್ಲಿ ರಾಜಮಹೇಂದ್ರಿಯ ರತ್ನಂ ಅವರು ಸ್ವದೇಶಿ ಪೆನ್ನಿನ ಉದ್ಯೋಗವನ್ನು ಆರಂಭಿಸಿದರು. ಎಬೊನೈಟ್ ಕಡೆದು ಕೈಯಿಂದ ಮಾಡಿದ ಆ ಪೆನ್ನುಗಳು ಗಾಂಧೀಜಿಯವರ ಮೆಚ್ಚಿಕೆಯನ್ನು ಪಡೆದವು.

ಹಳೆಯ ನಿಬ್ಬು ಮೇಲೋ ಹೊಸದು ಮೇಲೋ ಎಂಬ ಪ್ರಶ್ನೆಗೆ ಲಿಪಿಯನ್ನು ಬಿಟ್ಟು ಉತ್ತರ ಕೊಡಲಾಗದು. ಬಾಗುವ ಬಂಗಾರದ ನಿಬ್ಬು ಇಂಗ್ಲಿಷಿನ ಓರೆ ಬರಹಕ್ಕೆ ಹುಟ್ಟಿದ್ದು. ಮೋಡಿಗೂ ಫಾರಸಿಗೂ ಬೇಕಾದ ಅಗಲ ಮೊನೆಯ ಕೋನಭೇದವನ್ನು ಅದು ಕೊಡದು. ಗಡಸು ನಿಬ್ಬಂತೂ ಕೊಡಲೇ ಆರದು. ಕನ್ನಡದ ಮಾತು ಬೇರೆ. ಒಂದೇ ಅಗಲದ ದುಂಡು ಗೆರೆಯು ಅದಕ್ಕೆ ಕಂಠದ ಕಾಲದಿಂದಲೂ ಸಹಜವಾದದ್ದು. ಆದ್ದರಿಂದ ಇಂದಿನ ಗಡಸು ನಿಬ್ಬು ಕನ್ನಡಕ್ಕೆ ಪರಕೀಯವಲ್ಲ. ಓಲೆಗರಿಯ ಗೆರೆಯನ್ನೇ ಅದು ಮಸಿಯಲ್ಲಿ ಮರಳಿ ತಂದಿದೆ. ಆದರೆ ಅದರಲ್ಲೊಂದು ದೋಷವುಂಟು. ದ-ಧ, ಪ-ಫ-ಷ ಇವುಗಳ ಭೇದವು ಒಂದು ಸಣ್ಣ ಗೀಟಿನಲ್ಲಿದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಕ್ಕಟ್ಟಾದ ಎಡೆಯಲ್ಲಿ ನಿಲ್ಲುತ್ತವೆ. ದೊಡ್ಡ ತುದಿಯು ಈ ಎಡೆಗಳನ್ನು ಮಸಿಯಿಂದ ಮುಚ್ಚಿಬಿಡುತ್ತದೆ. ಸಣ್ಣದಾಗಿ ಅರೆದ ಹಳೆಯ ತುದಿಯು ಅವನ್ನು ತೆರೆದಿಡುತ್ತಿತ್ತು. ಹೆಸರುಗಳನ್ನೂ ಸರ್ವೆ ನಂಬರುಗಳನ್ನೂ ಓದುವವನಿಗೆ ಇದು ಸಣ್ಣ ಮಾತಲ್ಲ.

೫. ಪರೀಕ್ಷೆಯ ಸೂತ್ರಗಳೂ ಮಿತಿಗಳೂ

ಮೇಲಿನ ವಿವೇಚನೆಯಿಂದ ಕೆಲವು ಸೂತ್ರಗಳು ಹೊರಡುತ್ತವೆ. ದಪ್ಪ ತೆಳುವು ದಿಕ್ಕನ್ನು ಅನುಸರಿಸಿದ್ದರೆ ಕಡ್ಡಿಯ ಬರಹ. ಒತ್ತನ್ನು ಅನುಸರಿಸಿ ಜೋಡಿಗೆರೆಯಿದ್ದರೆ ಲೋಹದ ನಿಬ್ಬು. ಅಂಥಲ್ಲಿ ಕೆಲವು ಶಬ್ದಗಳಿಗೊಮ್ಮೆ ಮಸಿಯು ಗಾಢವಾಗಿ ಕ್ರಮೇಣ ತಿಳಿಯಾಗುತ್ತ ಹೋದರೆ ಅದ್ದಿ ಬರೆದ ಟಾಕು. ಸಾಲಿನ ಮೊದಲಿನಿಂದ ಕೊನೆಯ ವರೆಗೆ ಮಸಿಯು ಸಮವಾಗಿದ್ದರೆ ಫೌಂಟನ್ ಪೆನ್ನು, ಅದು ೧೮೮೪ಕ್ಕೆ ಈಚಿನದೆಂದು ಎಣಿಸಬಹುದು. ಮಸಿಯು ಅಂಟಂಟಾಗಿ ಮೇಲೆಯೇ ಕೂತು ಗೆರೆಯ ನಡುವೆ ಒಂದೇ ದುಂಡು ತಗ್ಗು ಕಂಡರೆ ಗುಂಡಿನ ಪೆನ್ನು. ಲಾಸ್ಲೋ ಬೀರೋ ಅದರ ಹಕ್ಕು ಪಡೆದದ್ದು ೧೯೩೮ರಲ್ಲಿ. ಮಸಿಯಲ್ಲಿ ಅನಿಲಿನ್ ಬಣ್ಣವಿದ್ದರೆ ಬರಹವು ೧೮೫೬ಕ್ಕೆ ಹಿಂದಿನದಲ್ಲ.

ಇವೆಲ್ಲವೂ ಒಂದು ಪಕ್ಷದ ಮೇರೆಯನ್ನು ಮಾತ್ರ ಹಾಕುತ್ತವೆಂಬದನ್ನು ನೆನಪಿನಲ್ಲಿಡತಕ್ಕದ್ದು. ಸಾಧನವು ಹುಟ್ಟುವ ಮೊದಲು ಅದರಿಂದ ಬರೆಯಲಾಗದು. ಆದರೆ ಹೊಸದು ಬಂದ ಬಳಿಕವೂ ಹಳೆಯದನ್ನು ಹಿಡಿದವರುಂಟು. ಆದ್ದರಿಂದ ಕಡ್ಡಿಯ ಬರಹವು ಪ್ರಾಚೀನತೆಗೆ ಪ್ರಮಾಣವಲ್ಲ. ಮಸಿಯ ವಿಷಯದಲ್ಲಿಯೂ ಹೀಗೆಯೇ: ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಕೂಡಿಸಿ ಮಸಿ ಮಾಡುವದು ಈ ದೇಶದಲ್ಲಿ ತಿಳಿದ ವಿದ್ಯೆಯಾದ್ದರಿಂದ, ಕಬ್ಬಿಣದ ಮಸಿಯನ್ನು ಕಂಡೊಡನೆ ವಿಲಾಯತಿಯದೆನ್ನಲಾಗದು. ಗಡಸು ನಿಬ್ಬುಗಳು ಹಿಂದೆಯೂ ಇದ್ದವು. ಬಾಗುವ ನಿಬ್ಬುಗಳನ್ನು ಇಂದೂ ಮಾಡುವವರಿದ್ದಾರೆ. ಗೆರೆ, ಮಸಿ, ಕಾಗದ, ಲಿಪಿ, ಭಾಷೆ ಈ ಐದೂ ಒಮ್ಮತವಾದಾಗಲೇ ತೀರ್ಮಾನವು ನಿಲ್ಲತಕ್ಕದ್ದು.

ಮುಂಬಯಿ ಸರಕಾರದ ೧೯೫೦ರ ಕಾಯಿದೆಯಿಂದ ಪರಗಣೆ ಮತ್ತು ಕುಲಕರ್ಣಿ ವತನಗಳು ರದ್ದಾದ ಮೇಲೆ ಮನೆತನದ ದಫ್ತರಗಳಿಗೆ ವ್ಯವಹಾರದ ಬೆಲೆಯು ಉಳಿಯಲಿಲ್ಲ. ಮೋಡಿಯನ್ನು ಓದುವವರೂ ವಿರಳರಾದರು. ಓದಲು ಬಾರದ ರುಮಾಲಿನ ಗಂಟು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುವದು, ಇಲ್ಲವೆ ತೂಕಕ್ಕೆ ಹೋಗುವದು. ಹೀಗಿರಲು ಇಂಥ ಗಂಟುಗಳನ್ನು ಹುಡುಕುವವರು ಅಕ್ಷರಗಳ ನಕಲನ್ನಷ್ಟೇ ಮಾಡಿಕೊಂಡು ತೃಪ್ತರಾಗಬಾರದು. ನಕಲಿನಲ್ಲಿ ಶಬ್ದಗಳು ಉಳಿಯುತ್ತವೆ, ಗೆರೆಯು ಉಳಿಯುವದಿಲ್ಲ. ಮೇಲೆ ಹೇಳಿದ ಸಾಕ್ಷಿಯೆಲ್ಲವೂ ಗೆರೆಯಲ್ಲಿಯೇ ಇದೆ. ಪ್ರತಿಯೊಂದು ಪತ್ರದ ಮೂಲವನ್ನು ಕಾಯ್ದಿಟ್ಟು, ಅದರ ಕೆಲವು ಸಾಲುಗಳ ಹಿಗ್ಗಿಸಿದ ಛಾಯಾಚಿತ್ರವನ್ನು ತೆಗೆದು, ಊರು, ಲಿಪಿ, ಮೊನೆ, ಮಸಿ ಇವುಗಳ ಟಿಪ್ಪಣಿಯೊಡನೆ ಒಂದೆಡೆಗೆ ಕೂಡಿಸಿದರೆ, ತೇದಿಯಿದ್ದ ಪತ್ರಗಳು ತೇದಿಯಿಲ್ಲದವುಗಳಿಗೆ ಅಳತೆಗೋಲಾಗುವವು. ಹಾನಗಲ್ಲಿನ ಶಾಸನಗಳಿಗೆ ದೊರೆತ ಲಕ್ಷ್ಯದಲ್ಲಿ ಒಂದಂಶವಾದರೂ ಅದೇ ತಾಲೂಕಿನ ಮನೆಗಳಲ್ಲಿಯ ಕಾಗದಗಳಿಗೆ ದೊರೆಯುವದು ಅವಶ್ಯವಾಗಿದೆ.